ಮಗು ಕುಂಟುತ್ತಿದೆಯೇ? ಊದಿದ ನೀರಿಗೆ ಮೊದಲು ಜ್ವರ ನೋಡಿ

ಮದ್ರಸ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಒಂದು ಬಾಟ್ಲಿ ನೀರು ಹಿಡಿದುಕೊಂಡು ನಿಲ್ಲುವ ತಾಯಂದಿರನ್ನು ಎಲ್ಲ ಉಸ್ತಾದರೂ ನೋಡಿರುತ್ತಾರೆ. ಮಗು ರಾತ್ರಿ ನಿದ್ದೆ ಮಾಡುವುದಿಲ್ಲ, ಬೆಚ್ಚಿ ಬೀಳುತ್ತದೆ, ಊಟ ಸೇರುವುದಿಲ್ಲ, ಒಮ್ಮೆ ಓದಿ ಊದಿ ಕೊಡಿ ಎನ್ನುತ್ತಾರೆ. ಅದರ ನಡುವೆ ಆಗಾಗ ಇನ್ನೊಂದು ಮಾತು ಬರುತ್ತದೆ: "ಉಸ್ತಾದ್, ನಿನ್ನೆವರೆಗೆ ಮನೆ ತುಂಬಾ ಓಡ್ತಾ ಇದ್ದ. ಇವತ್ತು ಬೆಳಗ್ಗೆಯಿಂದ ಒಂದು ಕಾಲು ಎಳೆದು ನಡೀತಾನೆ. ಬಿದ್ದದ್ದು ಯಾರೂ ನೋಡಿಲ್ಲ. ಯಾರದ್ದೋ ಕಣ್ಣು ತಾಗಿರ್ಬೇಕು."

ಊದಿ ಕೊಡಲಿಕ್ಕೆ ನನಗೆ ತೊಂದರೆ ಏನೂ ಇಲ್ಲ. ದುಆ ಮಾಡುವುದು ನಮ್ಮ ಕೆಲಸ. ಆದರೆ ಕುಂಟುವ ಮಗುವಿನ ವಿಷಯದಲ್ಲಿ ಬಾಟ್ಲಿ ಮುಚ್ಚಳ ತೆಗೆಯುವ ಮೊದಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಜ್ವರ ಉಂಟಾ? ಕಾಲು ನೆಲಕ್ಕೆ ಊರ್ತಾನಾ? ಜ್ವರ ಉಂಟು, ಕಾಲು ಊರುವುದಿಲ್ಲ ಎಂದರೆ ನೀರು ಮತ್ತೆ ಕೊಡುವ, ಈಗ ರಿಕ್ಷಾ ಕರೆಯಿರಿ ಎನ್ನುತ್ತೇನೆ. ನಾನು ಡಾಕ್ಟರ್ ಅಲ್ಲ. ಮಕ್ಕಳ ಡಾಕ್ಟರರಲ್ಲಿ ಕೇಳಿ ತಿಳಿದುಕೊಂಡದ್ದನ್ನು, ನಮ್ಮ ಮನೆಗಳಿಗೆ ಹೊಂದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಕುಂಟುವುದಕ್ಕೆ ನೂರು ಕಾರಣ ಇರಬಹುದು, ಹೆಚ್ಚಿನವು ಸಣ್ಣವು. ಮೊದಲು ಚಪ್ಪಲಿ, ಸಾಕ್ಸ್ ಬಿಚ್ಚಿ ಅಂಗಾಲು ನೋಡಿ. ನಮ್ಮ ಅಂಗಳ, ತೋಟಗಳಲ್ಲಿ ಮುಳ್ಳು, ಗಾಜಿನ ಚೂರು, ಮಡಲಿನ ಸಿಬಿರು ಎಲ್ಲ ಇರುತ್ತವೆ. ಬೆರಳಿನ ಸಂದಿ, ಉಗುರಿನ ಬುಡ, ಹಿಮ್ಮಡಿ ನೋಡಿ. ಹಬ್ಬಕ್ಕೆ ತಂದ ಹೊಸ ಚಪ್ಪಲಿ ಕಚ್ಚಿದ್ದೂ ಇರಬಹುದು. ಊದಿಕೊಂಡಿದ್ದು ಎರಡು ಚುಕ್ಕೆಯ ಗಾಯ ಕಂಡರೆ ಹಾವೋ ಹುಳವೋ ಎಂದು ಚರ್ಚೆ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಅಂಗಾಲಿನಲ್ಲಿ ಏನೂ ಕಾಣದಿದ್ದರೆ ಮಗುವನ್ನು ಮಡಿಲಲ್ಲಿ ಕೂರಿಸಿ, ಆಟದ ಸಾಮಾನು ಏನಾದರೂ ಕೈಗೆ ಕೊಟ್ಟು, ಮೊದಲು ನೋವಿಲ್ಲದ ಕಾಲನ್ನು ಬೆರಳಿನಿಂದ ಮೇಲಿನವರೆಗೆ ಮೆಲ್ಲ ಒತ್ತಿ ನೋಡಿ. ಆಮೇಲೆ ಇನ್ನೊಂದು ಕಾಲು. ಎಲ್ಲಿ ಮುಖ ಹಿಂಡುತ್ತದೆ ಎಂದು ನೋಡಬೇಕು. ಎರಡು ವರ್ಷದ ಮಗುವಿಗೆ ನೋವು ಎಲ್ಲಿ ಎಂದು ಹೇಳಲು ಬರುವುದಿಲ್ಲ. ಸ್ವಲ್ಪ ದೊಡ್ಡದು ಹೇಳಿದರೂ ಅದನ್ನು ಪೂರ್ತಿ ನಂಬುವ ಹಾಗಿಲ್ಲ. ಸೊಂಟದ ಕೀಲಿನ ನೋವು ಹಲವು ಸಲ ತೊಡೆಯಲ್ಲಿ, ಮೊಣಕಾಲಲ್ಲಿ ಕಾಣಿಸಿಕೊಳ್ಳುತ್ತದೆ. ಮಗು ಮೊಣಕಾಲು ತೋರಿಸಿತು ಎಂದು ಮೊಣಕಾಲಿಗೇ ಮುಲಾಮು ಹಚ್ಚಿ ದಿನ ಕಳೆಯುವುದು ಹೀಗೆ. ಡೈಪರ್ ಬದಲಿಸುವಾಗ ಎರಡು ತೊಡೆ ಅಗಲಿಸಿದರೆ ಕಿರುಚಿಕೊಳ್ಳುತ್ತದೆ ಎಂದಾದರೆ ನೋವು ಸೊಂಟದ್ದೇ ಇರಬಹುದು. ಇದನ್ನು ಡಾಕ್ಟರರಿಗಿಂತ ಮೊದಲು ಗಮನಿಸುವವಳು ತಾಯಿ. ಗಂಡು ಮಗುವಾದರೆ ಚಡ್ಡಿ ಬಿಚ್ಚಿ ವೃಷಣ ಊದಿದೆಯಾ, ಕೆಂಪಾಗಿದೆಯಾ ಎಂದೂ ನೋಡಬೇಕು. ನಾಚಿಕೆಯಿಂದ ಬಿಟ್ಟುಬಿಡುವ ಜಾಗ ಅದು. ಅಲ್ಲಿ ನರ ತಿರುಚಿಕೊಂಡರೂ ಮಗು ಕಾಲು ಅಗಲಿಸಿ ಕುಂಟುತ್ತದೆ, ಆರು ಗಂಟೆಯ ಒಳಗೆ ಆಪರೇಷನ್ ಆದರೆ ಉಳಿಯುವ ಸಾಧ್ಯತೆ ಹೆಚ್ಚು.

ಈಗ ಮುಖ್ಯ ವಿಷಯ. ಕೀಲಿನ ಒಳಗೆ ಕೀವು ತುಂಬುವ ಒಂದು ಕಾಯಿಲೆ ಉಂಟು. ರಕ್ತದ ಮೂಲಕ ರೋಗಾಣು ಬಂದು ಸೊಂಟದ ಅಥವಾ ಮೊಣಕಾಲಿನ ಕೀಲಿನಲ್ಲಿ ಕೂರುತ್ತದೆ. ಸಣ್ಣ ಮಕ್ಕಳಲ್ಲಿ, ಮುಖ್ಯವಾಗಿ ಮೂರು ವರ್ಷದ ಒಳಗಿನವರಲ್ಲಿ ಇದರ ಭಯ ಜಾಸ್ತಿ. ಎಲುಬಿನ ತುದಿಯಲ್ಲಿ ಮೃದ್ವಸ್ಥಿ ಎಂಬ ನುಣುಪಾದ ಪದರ ಇದೆಯಲ್ಲ, ಕೀವು ಅದನ್ನು ತಿನ್ನುತ್ತದೆ. ಒಮ್ಮೆ ಹಾಳಾದ ಮೃದ್ವಸ್ಥಿ ಮೊದಲಿನ ಹಾಗೆ ಬೆಳೆಯುವುದಿಲ್ಲ. ಸೊಂಟದ ಕೀಲಿನಲ್ಲಿ ಒತ್ತಡ ಹೆಚ್ಚಾದರೆ ಎಲುಬಿನ ತಲೆಗೆ ರಕ್ತ ಹೋಗುವುದೂ ನಿಲ್ಲಬಹುದು. ಇಲ್ಲಿ ವಾರದ ಲೆಕ್ಕ ಇಲ್ಲ. ಗಂಟೆ, ದಿನದ ಲೆಕ್ಕ.

ಇದರ ಗುರುತು ಹೀಗೆ. ಜ್ವರ 101 ಡಿಗ್ರಿ ದಾಟಿರುತ್ತದೆ. ಮಗು ಕುಂಟುವುದೂ ಇಲ್ಲ, ನಿಲ್ಲುವುದನ್ನೇ ಬಿಡುತ್ತದೆ. ನಿಲ್ಲಿಸಿದರೆ ಕಾಲು ಮೇಲೆತ್ತಿಕೊಂಡು ಅಳುತ್ತದೆ. ಮಲಗಿದಾಗ ಆ ತೊಡೆಯನ್ನು ಮಡಚಿ ಹೊರಕ್ಕೆ ತಿರುಗಿಸಿ ಇಟ್ಟುಕೊಳ್ಳುತ್ತದೆ, ಯಾರಾದರೂ ಮುಟ್ಟಿದರೆ ಸಾಕು ಕೂಗುತ್ತದೆ. ಊಟ, ಹಾಲು ಬೇಡ. ಮೊಣಕಾಲಿನಲ್ಲಾದರೆ ಊತ, ಬಿಸಿ ಕೈಗೆ ಸಿಗುತ್ತದೆ. ಸೊಂಟದ ಕೀಲು ಆಳದಲ್ಲಿರುವ ಕಾರಣ ಹೊರಗೆ ಏನೂ ಕಾಣುವುದಿಲ್ಲ. ಎಲುಬಿನ ಒಳಗೇ ಸೋಂಕು ಆದರೂ ಹೆಚ್ಚು ಕಡಿಮೆ ಇದೇ ಲಕ್ಷಣ. ಹೀಗಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ರಾತ್ರಿ ಎರಡು ಗಂಟೆಯಾದರೂ ಕ್ಯಾಶುವಾಲಿಟಿಗೆ ಹೋಗಬೇಕು. ಅಲ್ಲಿ ರಕ್ತ ಪರೀಕ್ಷೆ, ಸೊಂಟದ ಸ್ಕ್ಯಾನಿಂಗ್ ಮಾಡುತ್ತಾರೆ, ಸಂಶಯ ಇದ್ದರೆ ಸೂಜಿ ಹಾಕಿ ನೀರು ತೆಗೆದು ನೋಡುತ್ತಾರೆ. ಕೀವು ಇದ್ದರೆ ಕೀಲು ತೊಳೆಯಬೇಕು, ಆಮೇಲೆ ಕೆಲವು ವಾರ ಆಂಟಿಬಯಾಟಿಕ್. ಸರಿಯಾದ ಹೊತ್ತಿಗೆ ಆದರೆ ಮಗು ಓಡಾಡುತ್ತದೆ. ತಡವಾದವರನ್ನು ನೀವೂ ನೋಡಿರುತ್ತೀರಿ, ಒಂದು ಕಾಲು ಎರಡು ಇಂಚು ಗಿಡ್ಡ ಆಗಿ, ನಮಾಝಿಗೆ ಕುರ್ಚಿ ಹಾಕಿ ಕೂರುವ ಮೂವತ್ತು ವರ್ಷದ ಯುವಕರು. ಹಿರಿಯರಲ್ಲಿ ಕೇಳಿದರೆ "ಸಣ್ಣದಿರುವಾಗ ಜ್ವರ ಬಂದು ಕಾಲು ಹೋಯ್ತು" ಎನ್ನುತ್ತಾರೆ.

ಒಂದು ಎಚ್ಚರಿಕೆ ಹೇಳಲೇಬೇಕು. ಮೆಡಿಕಲ್‌ನಿಂದ ಚೀಟಿ ಇಲ್ಲದೆ ತಂದ ಆಂಟಿಬಯಾಟಿಕ್ ಸಿರಪ್ ಎರಡು ದಿನ ಕೊಟ್ಟರೆ ಜ್ವರ ಇಳಿದ ಹಾಗೆ ಕಾಣುತ್ತದೆ, ಒಳಗೆ ಕೀವು ಹಾಗೇ ಇರುತ್ತದೆ, ಡಾಕ್ಟರರಿಗೂ ಗೊತ್ತಾಗುವುದು ತಡ ಆಗುತ್ತದೆ. ಪ್ಯಾರಾಸಿಟಮಾಲ್ ಮಗುವಿನ ತೂಕ ನೋಡಿ ಕೊಡಬಹುದು, ಆದರೆ ಕೊಟ್ಟ ಹೊತ್ತು ನೆನಪಿಟ್ಟುಕೊಂಡು ಹೇಳಿ. ದೊಡ್ಡವರ ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ.

ಎಣ್ಣೆ ತಿಕ್ಕುವವರ ವಿಷಯ. ನಮ್ಮಲ್ಲಿ ಮಗು ಕುಂಟಿದರೆ ಅಜ್ಜಿಯ ಬಾಯಲ್ಲಿ ಮೊದಲು ಬರುವುದು "ಉಳುಕಿರ್ಬೇಕು, ತೆಗೆಸುವ" ಎಂಬ ಮಾತು. ಉಳುಕು ತೆಗೆಯುವವರು ಬಂದು ಎಣ್ಣೆ ಹಾಕಿ ಎಳೆಯುತ್ತಾರೆ. ಕೀವು ಇರುವ ಕೀಲನ್ನು, ಬಿರುಕು ಬಿಟ್ಟ ಎಲುಬನ್ನು ಹೀಗೆ ಎಳೆದರೆ ಏನಾಗಬಹುದು ಎಂದು ನೀವೇ ಯೋಚಿಸಿ. ಬಿದಿರಿನ ಪಟ್ಟಿ ಇಟ್ಟು ಬಿಗಿಯಾಗಿ ಬಟ್ಟೆ ಕಟ್ಟಿದರೆ ರಕ್ತ ಓಡುವುದು ನಿಂತು ಬೆರಳು ನೀಲಿ ಆಗುತ್ತದೆ, ತಣ್ಣಗಾಗುತ್ತದೆ. ಅದು ಕಂಡರೆ ಕಟ್ಟಿದವರ ಅನುಮತಿ ಕೇಳದೆ ಕೂಡಲೇ ಬಿಚ್ಚಿ ಆಸ್ಪತ್ರೆಗೆ ಹೋಗಿ. ನಾಟಿ ಮದ್ದನ್ನು ಹಗುರ ಮಾಡುವುದು ನನ್ನ ಉದ್ದೇಶ ಅಲ್ಲ. ಆದರೆ ದೀನಿನ ಮಾತು ಈ ವಿಷಯದಲ್ಲಿ ಬಹಳ ಸ್ಪಷ್ಟ. ಚಿಕಿತ್ಸೆ ಮಾಡಿಸಬಹುದೇ ಎಂದು ಕೇಳಿದ ಗ್ರಾಮೀಣ ಅರಬರಿಗೆ ಪ್ರವಾದಿ (ಸ.ಅ.) ಚಿಕಿತ್ಸೆ ಮಾಡಿ ಎಂದೇ ಉತ್ತರಿಸಿದ್ದನ್ನು ಉಸಾಮ ಬಿನ್ ಶರೀಕ್ (ರ.ಅ.) ವರದಿ ಮಾಡಿದ್ದಾರೆ. ಅಬೂದಾವೂದಿನಲ್ಲಿ ಇನ್ನೊಂದು ಹದೀಸ್ ಉಂಟು, ಅದನ್ನು ನಾವು ಮಿಂಬರಿನಲ್ಲಿ ಹೇಳುವುದು ಕಡಿಮೆ. ವೈದ್ಯ ಗೊತ್ತಿಲ್ಲದವನು ವೈದ್ಯ ಮಾಡಿದರೆ, ಆದ ನಷ್ಟಕ್ಕೆ ಅವನೇ ಹೊಣೆ ಎಂಬುದು ಅದರ ಸಾರ. ಊದುವ ನಮ್ಮಂಥವರಿಗೂ ಇದು ಅನ್ವಯ ಆಗುತ್ತದೆ ಎಂದು ನಾನು ತಿಳಿದಿದ್ದೇನೆ. ದುಆ ಮಾಡುವ ಉಸ್ತಾದ್ ಆಸ್ಪತ್ರೆಗೆ ಹೋಗಬೇಡಿ ಎಂದು ಹೇಳಿದರೆ ಅವನು ತನ್ನ ಕೆಲಸದ ಗಡಿ ದಾಟಿದ ಹಾಗೆ.

ಭಯ ಹುಟ್ಟಿಸುವುದು ಮಾತ್ರ ಬೇಡ, ಸಮಾಧಾನದ ಸಂಗತಿಯೂ ಉಂಟು. ಶೀತ, ಕೆಮ್ಮು ಬಂದು ಹೋದ ಒಂದೆರಡು ವಾರದಲ್ಲಿ ಸೊಂಟದ ಕೀಲಿನಲ್ಲಿ ಸ್ವಲ್ಪ ನೀರು ತುಂಬಿ ಮಗು ಕುಂಟುವುದು ಬಹಳ ಸಾಮಾನ್ಯ. ಇದು ಹೆಚ್ಚಾಗಿ ಮೂರರಿಂದ ಹತ್ತು ವರ್ಷದವರಲ್ಲಿ. ಜ್ವರ ಇರುವುದಿಲ್ಲ, ಇದ್ದರೂ ಕಡಿಮೆ. ಮಗು ಕುಂಟುತ್ತಾ ಆದರೂ ನಡೆಯುತ್ತದೆ, ಮೊಬೈಲ್ ಕೇಳುತ್ತದೆ, ಬಿಸ್ಕೂಟ್ ತಿನ್ನುತ್ತದೆ. ವಿಶ್ರಾಂತಿ, ನೋವಿನ ಸಿರಪ್‌ನಲ್ಲಿ ಒಂದೆರಡು ವಾರದೊಳಗೆ ಹೋಗುತ್ತದೆ. ಆದರೆ ಇದು ಅದೇ ಎಂದು ಮನೆಯಲ್ಲಿ ತೀರ್ಮಾನ ಮಾಡಬೇಡಿ, ಮೂರು ವರ್ಷದ ಒಳಗಿನ ಮಗುವಿನಲ್ಲಂತೂ ಬೇಡ. ಅವರನ್ನು ಜ್ವರ ಇಲ್ಲದಿದ್ದರೂ ಅದೇ ದಿನ ತೋರಿಸುವುದು ಒಳ್ಳೆಯದು.

ಇನ್ನೊಂದು, ಬಿರುಕು. ಹೊಸತಾಗಿ ನಡೆಯಲು ಕಲಿತ ಮಕ್ಕಳು ಮೆಟ್ಟಿಲಲ್ಲಿ ಕಾಲು ತಿರುಚಿ ಬಿದ್ದರೆ ಮೊಣಕಾಲಿನ ಕೆಳಗಿನ ದೊಡ್ಡ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ದೊಡ್ಡವರು ಮಡಿಲಲ್ಲಿ ಕೂರಿಸಿ ಪಾರ್ಕಿನ ಜಾರುಬಂಡಿಯಲ್ಲಿ ಜಾರುವಾಗ ಮಗುವಿನ ಕಾಲು ಬದಿಗೆ ಸಿಕ್ಕಿ ಆಗುವುದೂ ಇದೇ. ಹೊರಗೆ ಊತ ಇರುವುದಿಲ್ಲ. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದೆ, ಹತ್ತು ದಿನ ಬಿಟ್ಟು ತೆಗೆದದ್ದರಲ್ಲಿ ಕಾಣುವುದುಂಟು. ಹಾಗಾಗಿ ಇನ್ನೊಮ್ಮೆ ತೆಗೆಯಬೇಕು ಎಂದರೆ "ದುಡ್ಡು ಮಾಡ್ಲಿಕ್ಕೆ" ಎಂದು ಡಾಕ್ಟರರ ಮೇಲೆ ಸಿಟ್ಟು ಮಾಡಬೇಡಿ. ಮೂರು ನಾಲ್ಕು ವಾರದಲ್ಲಿ ಎಲುಬು ಕೂಡಿಕೊಳ್ಳುತ್ತದೆ. ಬಿದ್ದದ್ದು ಹೇಗೆ ಎಂದು ಅವರು ಎರಡೆರಡು ಸಲ ಕೇಳುವುದೂ ಅವರ ಕರ್ತವ್ಯ, ಯಾರಾದರೂ ಮಗುವನ್ನು ಹೊಡೆದದ್ದಾ ಎಂದು ನೋಡಬೇಕಾಗುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿ.

ನೋವೇ ಇಲ್ಲದೆ ಕಾಲು ಬಟ್ಟೆಯ ಹಾಗೆ ಮೆದುವಾಗಿ ಬಲ ಕಳೆದುಕೊಂಡರೆ ಅದು ಬೇರೆ ತುರ್ತು. ಭಾರತದಲ್ಲಿ ಕಾಡು ಪೋಲಿಯೊದ ಕೊನೆಯ ಪ್ರಕರಣ 2011ರದ್ದು, 2014ರಲ್ಲಿ ದೇಶ ಪೋಲಿಯೊ ಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿತು. ಆದರೂ 15 ವರ್ಷದ ಒಳಗಿನ ಯಾವ ಮಗುವಿಗೆ ಹೀಗೆ ದಿಢೀರ್ ಬಲ ಹೋದರೂ ಸರ್ಕಾರಕ್ಕೆ ವರದಿ ಮಾಡಿ ಎರಡು ಸಲ ಮಲ ಪರೀಕ್ಷೆ ಮಾಡಿಸುವ ನಿಯಮ ಉಂಟು. ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದರೆ ಬಾಗಿಲು ಹಾಕಬೇಡಿ. ಸೊಂಟಕ್ಕೆ ಇಂಜೆಕ್ಷನ್ ಕೊಟ್ಟ ನಂತರ ಪಾದ ಎಳೆಯಲು ಶುರು ಮಾಡಿದರೂ ಹೇಳಬೇಕು, ನರಕ್ಕೆ ತಾಗಿರಬಹುದು. ಇನ್ನು ವಾರಗಟ್ಟಲೆ ಬಿಟ್ಟು ಬಿಟ್ಟು ಕುಂಟುವುದು, ಮುಖ ಬಿಳಿಚಿಕೊಳ್ಳುವುದು, ಮೈಮೇಲೆ ನೀಲಿ ಗುರುತು, ರಾತ್ರಿ ನೋವಿನಿಂದ ಏಳುವುದು ಇದ್ದರೆ ರಕ್ತ ಪರೀಕ್ಷೆ ತಡ ಮಾಡಬೇಡಿ. ಮೊದಲ ಹೆಜ್ಜೆಯಿಂದಲೇ ನೋವಿಲ್ಲದೆ ಓಲಾಡಿ ನಡೆಯುವ ಮಗುವಿನ ಸೊಂಟದ ಕೀಲು ಹುಟ್ಟಿನಿಂದ ಜಾರಿರಬಹುದು. ಬಾಣಂತನದಲ್ಲಿ ಮಗುವಿನ ಎರಡು ಕಾಲು ನೇರ ಎಳೆದು ಬಿಗಿಯಾಗಿ ಸುತ್ತುವ ಅಭ್ಯಾಸ ಈ ಕೀಲಿಗೆ ಒಳ್ಳೆಯದಲ್ಲ. ಸೊಂಟದ ಮೇಲೆ ಕಾಲು ಅಗಲಿಸಿ ಎತ್ತಿಕೊಳ್ಳುವ ನಮ್ಮ ಉಮ್ಮಂದಿರ ಹಳೆ ಕ್ರಮವೇ ಒಳ್ಳೆಯದು.

ಇಷ್ಟೆಲ್ಲ ಗೊತ್ತಿದ್ದರೂ ನಮ್ಮ ಮನೆಗಳಲ್ಲಿ ತಡ ಆಗುವುದು ಬೇರೆ ಕಾರಣಕ್ಕೆ. ಮಗುವಿನ ಉಪ್ಪ ಗಲ್ಫಿನಲ್ಲಿ. ಮನೆಯಲ್ಲಿ ಮಾಮಿ, ಸೊಸೆ, ಮಕ್ಕಳು. ಸೊಸೆಗೆ ಮಗುವನ್ನು ಕರ್ಕೊಂಡು ಹೋಗಬೇಕು ಅನ್ನಿಸುತ್ತದೆ, ಆದರೆ "ಅವರಲ್ಲಿ ಒಂದು ಮಾತು ಕೇಳದೆ ಹೇಗೆ?" ವಾಯ್ಸ್ ಹಾಕುತ್ತಾಳೆ. ಸೌದಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅವನು ಅಲ್ಲಿ ರಾತ್ರಿ 8ಕ್ಕೆ ಡ್ಯೂಟಿ ಬಿಟ್ಟು ಫೋನ್ ನೋಡುವಾಗ ಇಲ್ಲಿ ಹತ್ತೂವರೆ. ಆಮೇಲೆ ಮಾಮಿ "ಈ ರಾತ್ರಿಯಲ್ಲಿ ಹೆಂಗಸರು ಎಲ್ಲಿಗೆ, ನಾಳೆ ನೋಡುವ" ಎನ್ನುತ್ತಾರೆ. ಹೀಗೆ ಒಂದು ರಾತ್ರಿ ಹೋಯಿತು. ನಾಳೆ ಭಾನುವಾರ ಆದರೆ ಇನ್ನೊಂದು ದಿನ. ಗಲ್ಫಿನಲ್ಲಿರುವ ಸಹೋದರರಲ್ಲಿ ನನ್ನ ವಿನಂತಿ ಇಷ್ಟೇ, ಈ ಪುಟ ಮೊಬೈಲಿನಲ್ಲಿ ನೋಡುವವರು ಇಂದೇ ಮನೆಗೆ ಒಂದು ವಾಯ್ಸ್ ಹಾಕಿ: ಮಗುವಿಗೆ ಹುಷಾರಿಲ್ಲದಿದ್ದರೆ ನನ್ನನ್ನು ಕಾಯಬೇಡ, ಹೋಗು, ಹೋದ ಮೇಲೆ ತಿಳಿಸು. ಜೀವ, ಅಂಗ ಹೋಗುವ ಹೊತ್ತಿನಲ್ಲಿ ತಾಯಿ ಅನುಮತಿಗೆ ಕಾಯಬೇಕು ಎಂದು ಶರೀಅತ್ ಹೇಳುವುದಿಲ್ಲ. ಆದರೂ ಗಂಡನ ಒಂದು ಮಾತು ಮೊದಲೇ ಇದ್ದರೆ ಮಾಮಿಯ ಎದುರು ಅವಳಿಗೆ ಧೈರ್ಯ. ಜಮಾಅತ್ ಕಮಿಟಿಯ ಯುವಕರು ರಾತ್ರಿ ಗಾಡಿ ಬಿಡುವವರ ಎರಡು ನಂಬರ್ ಪ್ರತಿ ಮನೆಗೆ ಕೊಟ್ಟಿಟ್ಟರೆ ಅದೂ ಒಂದು ಖಿದ್ಮತ್. ಯಾರೂ ಸಿಗದಿದ್ದರೆ 108.

ಖರ್ಚಿನ ಭಯ ಇರುವವರಿಗೆ ಮಂಗಳೂರಿನ ವೆನ್ಲಾಕ್‌ನಲ್ಲಿ ಮಕ್ಕಳ ವಿಭಾಗ ಉಂಟು, ಎಲುಬಿನ ಡಾಕ್ಟರರೂ ಇದ್ದಾರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ಹೊರಡುವಾಗ ರೇಷನ್ ಕಾರ್ಡ್, ಮಗುವಿನ ಆಧಾರ್, ಚುಚ್ಚುಮದ್ದಿನ ಕಾರ್ಡ್ ಒಟ್ಟಿಗೆ ತೆಗೆದುಕೊಳ್ಳಿ. ಮಗು ನಡೆಯುತ್ತಿದ್ದರೆ ಎದುರಿನಿಂದ, ಹಿಂದಿನಿಂದ ಅರ್ಧ ನಿಮಿಷ ಮೊಬೈಲಿನಲ್ಲಿ ವೀಡಿಯೊ ಮಾಡಿ. ಆಸ್ಪತ್ರೆಯಲ್ಲಿ ಹೊಸ ಮುಖ ಕಂಡು ಮಗು ನಡೆಯುವುದಿಲ್ಲ ಎಂದು ಹಠ ಹಿಡಿದರೆ ಅದನ್ನೇ ತೋರಿಸಬಹುದು. ದಾರಿಯಲ್ಲಿ ಒತ್ತಾಯ ಮಾಡಿ ತಿನ್ನಿಸಬೇಡಿ, ಅರಿವಳಿಕೆ ಕೊಡಬೇಕಾಗಿ ಬಂದರೆ ಕೊನೆಗೆ ಯಾವಾಗ ಏನು ತಿಂದಿತು ಎಂದು ಕೇಳುತ್ತಾರೆ. ಭಾನುವಾರ, ಹಬ್ಬದ ದಿನ ಒಪಿಡಿ ಬಂದ್ ಇರುತ್ತದೆ, ಕ್ಯಾಶುವಾಲಿಟಿಯ ಬಾಗಿಲು ತೆರೆದೇ ಇರುತ್ತದೆ.