ಜಾರಲೂ ಬೇಕು, ಹಿಡಿಯಲೂ ಬೇಕು: ಆಟೋಮ್ಯಾಟಿಕ್ ಗೇರಿನ ಕೆಂಪೆಣ್ಣೆ

ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡು ದಾಟಿ ಬೇಲೂರಿಗೆ ಹೋಗುವ ದಾರಿಯಲ್ಲಿ ತೆಂಗಿನಕಾಯಿ, ಕೊಬ್ಬರಿ, ಆಲೂಗಡ್ಡೆ, ಶುಂಠಿ ಹೇರಿಕೊಂಡು ಓಡುವ ಪಿಕಪ್ಪುಗಳಲ್ಲಿ ಹೆಚ್ಚಿನವು ಕೈಯಲ್ಲಿ ಗೇರ್ ಹಾಕುವಂಥವೇ. ಅವುಗಳ ಗೇರ್ ಆಯಿಲ್ ಬದಲಿಸುವುದು ಇಲ್ಲಿನ ಯಾವ ಗ್ಯಾರೇಜಿನ ಹುಡುಗನಿಗೂ ಹೊಸದಲ್ಲ. ಕೆಳಗಿನ ಬೋಲ್ಟು ಬಿಚ್ಚಿ ಹಳೆಯದನ್ನು ಸುರಿಸಿ, ಪಕ್ಕದ ತೂತಿನಿಂದ ಹೊರಗೆ ಇಳಿಯುವವರೆಗೆ ಹೊಸದನ್ನು ತುಂಬಿದರೆ ಕೆಲಸ ಮುಗಿಯಿತು. ಈಚೆಗೆ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ಪಿಕಪ್ಪುಗಳು ಆಟೋಮ್ಯಾಟಿಕ್ ಗೇರಿನಲ್ಲೂ ಬರುತ್ತಿವೆ. ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳನ್ನು ತೋಟದ ಮನೆಯಲ್ಲಿ ತಾವೇ ಬಿಚ್ಚಿ ಜೋಡಿಸುವವರಿಗೆ ಇದರ ಎಣ್ಣೆಯನ್ನೂ ತಾವೇ ಬದಲಿಸುವ ಮನಸ್ಸಾಗುವುದು ಸಹಜ. ಖಂಡಿತ ಮಾಡಬಹುದು. ಆದರೆ ಇದು ಗೇರ್ ಆಯಿಲ್‌ನ ಜಾತಿಯದ್ದಲ್ಲ ಎಂಬುದನ್ನು ಮೊದಲು ತಿಳಿದಿರಬೇಕು.

ಸಾಮಾನ್ಯ ಗೇರ್ ಬಾಕ್ಸಿನಲ್ಲಿ ಎಣ್ಣೆಯ ಮುಖ್ಯ ಕೆಲಸ ಹಲ್ಲಿಗೆ ಹಲ್ಲು ಉಜ್ಜದಂತೆ ನೋಡಿಕೊಳ್ಳುವುದು. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿನ ಶಕ್ತಿಯನ್ನು ಹೊತ್ತು ಸಾಗಿಸುವುದೇ ಎಣ್ಣೆ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕಾಲಿನಿಂದ ಒತ್ತುವ ಕ್ಲಚ್ ಇರುವುದಿಲ್ಲ. ಅದರ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಎಂಬ ಮುಚ್ಚಿದ ಗುಂಡನೆಯ ಡಬ್ಬಿಯಿದೆ. ಒಳಗೆ ಎಂಜಿನ್ನಿನ ಜೊತೆ ತಿರುಗುವ ಚಕ್ರ ಎಣ್ಣೆಯನ್ನು ರಭಸದಿಂದ ಎಸೆಯುತ್ತದೆ, ಎದುರಿನ ಚಕ್ರ ಆ ಹೊಡೆತಕ್ಕೆ ತಿರುಗುತ್ತದೆ. ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಈ ಉಪಾಯವನ್ನು ಜರ್ಮನಿಯ ಹೆರ್ಮನ್ ಫ್ಯೋಟಿಂಗರ್ 1905ರಲ್ಲಿ ರೂಪಿಸಿದ್ದು ಹಡಗುಗಳಿಗಾಗಿ. ಜನರಲ್ ಮೋಟಾರ್ಸ್ 1939ರಲ್ಲಿ ಹೈಡ್ರಾಮ್ಯಾಟಿಕ್ ಎಂಬ ಹೆಸರಿನಲ್ಲಿ ಪೂರ್ಣ ಆಟೋಮ್ಯಾಟಿಕ್ ಗೇರ್ ಬಾಕ್ಸನ್ನು ಕಾರಿಗೆ ತಂದಿತು. ಒಳಗಿನ ವಾಲ್ವುಗಳನ್ನು ಒತ್ತುವುದು, ಬಿಸಿಯನ್ನು ಕೂಲರ್‌ಗೆ ಸಾಗಿಸುವುದು ಕೂಡ ಇದೇ ಎಣ್ಣೆಯ ಪಾಲಿಗೆ ಬಿದ್ದಿದೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಕ್ಲಚ್ ಪ್ಲೇಟುಗಳದ್ದು. ಕಾಗದದಂಥ ನಾರಿನ ಪದರ ಅಂಟಿಸಿದ ಪ್ಲೇಟುಗಳು ಎಣ್ಣೆಯಲ್ಲಿ ಮುಳುಗಿಯೇ ಇರುತ್ತವೆ. ಗೇರ್ ಬದಲಾಗುವಾಗ ಅವು ಒಂದನ್ನೊಂದು ಹಿಡಿಯಬೇಕು, ಅದೂ ಎಣ್ಣೆಯಲ್ಲಿ ತೊಯ್ದುಕೊಂಡೇ. ಬರಿಯ ಎಣ್ಣೆಯಾದರೆ ಪ್ಲೇಟುಗಳ ವೇಗದ ಅಂತರ ಸೊನ್ನೆಗೆ ಇಳಿಯುತ್ತಿದ್ದಂತೆ ಘರ್ಷಣೆ ಏರುತ್ತದೆ. ಕೊನೆಯ ಗಳಿಗೆಯಲ್ಲಿ ಪ್ಲೇಟು ಗಕ್ಕನೆ ಕಚ್ಚಿಕೊಂಡು ಗಾಡಿ ಎಗರುತ್ತದೆ. ಅದಕ್ಕೆ ಎಣ್ಣೆಗೆ ಉದ್ದನೆಯ ಅಣುಗಳ ರಾಸಾಯನಿಕವೊಂದನ್ನು ಬೆರೆಸುತ್ತಾರೆ. ಅಣುವಿನ ಒಂದು ತುದಿ ಲೋಹಕ್ಕೆ ಅಂಟುತ್ತದೆ, ಬಾಲ ಹೊರಗೆ ಚಾಚುತ್ತದೆ. ಎರಡು ಮೇಲ್ಮೈಗಳ ಬಾಲಗಳು ಪದರದ ಮೇಲೆ ಪದರದಂತೆ ಜಾರುವುದರಿಂದ ಹಿಡಿತ ಮೆತ್ತಗೆ ಬೀಳುತ್ತದೆ.

ಪದರ ಪದರವಾಗಿ ಜಾರುವ ಈ ಗುಣವನ್ನು ಈ ಸೀಮೆಯವರು ಕಲ್ಲಿನಲ್ಲೇ ಮುಟ್ಟಿ ನೋಡಬಹುದು. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೂ ಹಳೇಬೀಡಿನ ಹೊಯ್ಸಳೇಶ್ವರಕ್ಕೂ ಬಳಸಿದ್ದು ಬಳಪದ ಕಲ್ಲು. ಈ ಜಾತಿಯ ಕಲ್ಲಿನಲ್ಲಿರುವ ಟಾಲ್ಕ್, ಕ್ಲೋರೈಟ್ ಖನಿಜಗಳು ತೆಳು ಹಾಳೆಗಳ ಅಟ್ಟಿ. ಹಾಳೆ ಹಾಳೆಗಳ ನಡುವಿನ ಬಂಧ ದುರ್ಬಲ. ಬಳಪ ಬೆರಳಿಗೆ ನುಣುಪಾಗಿ ತಾಗುವುದು ಅದಕ್ಕೇ, ಶಿಲ್ಪಿಯ ಉಳಿಗೆ ಸುಲಭವಾಗಿ ಬಗ್ಗಿದ್ದೂ ಅದಕ್ಕೇ. ಗ್ರೀಸಿಗೆ ಬೆರೆಸುವ ಗ್ರ್ಯಾಫೈಟ್ ಕೂಡ ಇದೇ ತತ್ವದ್ದು. ಗೇರ್ ಬಾಕ್ಸಿನ ಎಣ್ಣೆಯಲ್ಲಿ ಮಾತ್ರ ಈ ಜಾರಿಕೆ ಲೆಕ್ಕ ಮೀರುವಂತಿಲ್ಲ. ಹೆಚ್ಚಾದರೆ ಹೇರು ಹೊತ್ತ ಗಾಡಿಯಲ್ಲಿ ಕ್ಲಚ್ ಹಿಡಿಯದೆ ಸುಟ್ಟುಹೋಗುತ್ತದೆ.

ಈ ಹದ ಕೆಡುವುದು ಬಿಸಿಯಿಂದ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಎಣ್ಣೆ ಹಳಸುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರಜ್ಞರ ಅಂದಾಜಿನ ಲೆಕ್ಕ. ಬಯಲಿನ ಅರಸೀಕೆರೆಯಲ್ಲೇ ಓಡಾಡುವ ಗಾಡಿಯ ಕಥೆ ಬೇರೆ; ಬೇಲೂರು, ಮೂಡಿಗೆರೆ ಹಾದು ಚಾರ್ಮಾಡಿ ಇಳಿದು, ಹೇರು ತುಂಬಿಕೊಂಡು ಮತ್ತೆ ಘಾಟಿ ಹತ್ತುವ ಗಾಡಿಯ ಕಥೆ ಬೇರೆ. ಏರಿನಲ್ಲಿ ನಿಧಾನಕ್ಕೆ ಹತ್ತುವಾಗ ಕನ್ವರ್ಟರಿನ ಎರಡು ಚಕ್ರಗಳ ವೇಗದ ಅಂತರ ಹೆಚ್ಚುತ್ತದೆ, ಆ ನಷ್ಟವೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಸೇರುತ್ತದೆ. ‘ಜೀವಮಾನವಿಡೀ ಬದಲಿಸಬೇಕಿಲ್ಲ’ ಎಂಬ ಮಾತನ್ನು ಇಂಥ ಗಾಡಿಯವರು ನಂಬಬಾರದು ಎಂದೇ ನನ್ನ ಅಭಿಪ್ರಾಯ. ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಬೇರೆ ಅವಧಿ ಕೊಟ್ಟಿದ್ದರೆ ಅದೇ ನಿಮ್ಮದು. ಒಂದೇ ವೇಗದಲ್ಲಿ ಹಗುರವಾಗಿ ಆಕ್ಸಿಲರೇಟರ್ ಒತ್ತಿ ಹೋಗುವಾಗ, ರಸ್ತೆಯ ಸಣ್ಣ ಉಬ್ಬುಪಟ್ಟಿಗಳ ಮೇಲೆ ಹೋದಂತೆ ಗಾಡಿ ನಡುಗಿದರೆ ಎಣ್ಣೆಯ ಹದ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಬಿಡಿಭಾಗದ ಅಂಗಡಿಯಲ್ಲಿ ಕೆಂಪೆಣ್ಣೆ ಸುಲಭವಾಗಿ ಸಿಗುತ್ತದೆ. ಅನೇಕ ಗಾಡಿಗಳ ಪವರ್ ಸ್ಟೀರಿಂಗ್‌ಗೆ ಹಾಕುವುದೂ ಕೆಂಪೆಣ್ಣೆಯೇ. ಅಪಾಯ ಇರುವುದೇ ಅಲ್ಲಿ. ಕೆಂಪು ಬರಿಯ ಬಣ್ಣ, ಸೋರಿದಾಗ ಎಂಜಿನ್ ಆಯಿಲ್‌ನಿಂದ ಬೇರೆಯೆಂದು ಗುರುತಿಸಲು ಬೆರೆಸಿದ್ದು. ಒಳಗಿನ ಹದಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದು ಕಾಲಕ್ಕೆ ಆ ಹದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನೇ ಬೆರೆಸುತ್ತಿದ್ದರು. 1970ರ ದಶಕದಲ್ಲಿ ಅಮೆರಿಕ ಅದನ್ನು ನಿಷೇಧಿಸಿದಾಗ ಬದಲಿ ಹುಡುಕಲು ತಯಾರಕರು ಬಹಳ ಪರದಾಡಬೇಕಾಯಿತು. ಹಾಗಾಗಿ ಕೈಪಿಡಿ ಹೇಳುವ ದರ್ಜೆಯ ಎಣ್ಣೆಯನ್ನೇ ತರಬೇಕು, ‘ಎಲ್ಲಾ ಒಂದೇ ಸಾರ್’ ಎಂದವರ ಮಾತು ಕೇಳಬಾರದು.

ಇನ್ನು ಕೆಲಸಕ್ಕೆ ಇಳಿಯೋಣ. ಸಮತಟ್ಟಾದ ಜಾಗ ಬೇಕು. ಕೊಬ್ಬರಿ ಒಣಗಿಸುವ ಸಿಮೆಂಟಿನ ಕಣ ಮಟ್ಟವಾಗಿದ್ದರೆ ಆದೀತು. ಬರೀ ಜಾಕ್ ನಂಬಿ ಗಾಡಿಯಡಿ ಮಲಗಬೇಡಿ, ನಾಲ್ಕು ಕಡೆಯೂ ಸ್ಟ್ಯಾಂಡ್ ಕೊಡಿ. ಸುರಿಸುವ ಬೋಲ್ಟಿಗಿಂತ ಮೊದಲು ತುಂಬಿಸುವ ಬೋಲ್ಟನ್ನು ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಕೂತಿದ್ದು, ಹಳೆಯ ಎಣ್ಣೆ ಆಗಲೇ ಸುರಿದುಹೋಗಿದ್ದರೆ ಗಾಡಿ ಅಲ್ಲೇ ಅನಾಥ. ಸುರಿದದ್ದನ್ನು ಅಳತೆಯ ಡಬ್ಬಿಯಲ್ಲೇ ಹಿಡಿಯಿರಿ. ಸೋರಿಕೆ ಇಲ್ಲದಿದ್ದರೆ ಮೊದಲಿಗೆ ಅಷ್ಟನ್ನೇ ತುಂಬಿಸಬೇಕು. ಗೇರ್ ಬಾಕ್ಸಿನ ತಳದಲ್ಲಿರುವ ಎಣ್ಣೆಯ ಪ್ಯಾನ್ ಇಳಿಸಿದಾಗ ಒಳಗಿನ ಅಯಸ್ಕಾಂತಗಳನ್ನು ಬೆಳಕಿಗೆ ಹಿಡಿಯಿರಿ. ಬೂದು ಬಣ್ಣದ ನುಣ್ಣನೆಯ ಲೇಪವಿದ್ದರೆ ಸಹಜ ಸವೆತ, ಒರೆಸಿ ಹಾಕಿ. ಚೂರು ಚೂರು ಲೋಹ ಹೊಳೆದರೆ, ಎಣ್ಣೆಗೆ ಕರಕಲು ವಾಸನೆ ಇದ್ದರೆ ಅದು ಮನೆಯಲ್ಲಿ ಮುಗಿಯುವ ಕೆಲಸವಲ್ಲ.

ಪ್ಯಾನಿನಿಂದ ಎಲ್ಲ ಎಣ್ಣೆಯೂ ಇಳಿಯುವುದಿಲ್ಲ, ಕನ್ವರ್ಟರು ಮತ್ತು ಕೂಲರಿನಲ್ಲಿ ಬಹುಪಾಲು ಉಳಿಯುತ್ತದೆ. ಹತ್ತು ಲೀಟರಿನಲ್ಲಿ ನಾಲ್ಕು ಬದಲಾಯಿತೆಂದರೆ ಹಳೆಯದು ಶೇ. 60 ಉಳಿಯಿತು. ಸ್ವಲ್ಪ ಓಡಿಸಿ ಮತ್ತೆ ಬದಲಿಸಿದರೆ ಶೇ. 36, ಮೂರನೆಯ ಸಲಕ್ಕೆ ಶೇ. 22ರ ಆಸುಪಾಸು.

ಮಟ್ಟ ನೋಡುವುದರಲ್ಲೇ ಹೆಚ್ಚು ಜನ ಎಡವುತ್ತಾರೆ. ಎಣ್ಣೆ ಪ್ರತಿ ಡಿಗ್ರಿಗೆ ಶೇ. 0.07ರಷ್ಟು ಹಿಗ್ಗುತ್ತದೆ. ಹತ್ತು ಲೀಟರ್ ಎಣ್ಣೆ 60 ಡಿಗ್ರಿ ಬಿಸಿಯಾದರೆ ಸುಮಾರು 400 ಮಿ.ಲೀ. ಹೆಚ್ಚುತ್ತದೆ. ಈಗಿನ ಎಷ್ಟೋ ಗೇರ್ ಬಾಕ್ಸುಗಳಲ್ಲಿ ಅಳತೆ ಕಡ್ಡಿಯೂ ಇರುವುದಿಲ್ಲ. ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಹಿಡಿದು, ಲಿವರನ್ನು ಎಲ್ಲ ಸ್ಥಾನಗಳಿಗೂ ನಿಧಾನವಾಗಿ ತಂದು ಪಾರ್ಕಿಗೆ ಮರಳಿಸಿ, ಎಂಜಿನ್ ಓಡುತ್ತಿರುವಾಗಲೇ, ಎಣ್ಣೆ ಕಂಪನಿ ಹೇಳಿದ ಉಷ್ಣತೆಗೆ ಬಂದಾಗ ಮಟ್ಟದ ಬೋಲ್ಟು ಬಿಚ್ಚಿ ನೋಡಬೇಕು. ಸಣ್ಣ ಧಾರೆಯಾಗಿ ಹರಿದು, ಹನಿಹನಿಯಾಗುವಾಗ ಬೋಲ್ಟು ಹಾಕಬೇಕು. ಏನೂ ಹೊರಬರದಿದ್ದರೆ ಎಣ್ಣೆ ಸಾಲದು, ಇನ್ನಷ್ಟು ಸೇರಿಸಬೇಕು.

ಉಳಿದದ್ದು ಹಳೆಯ ಎಣ್ಣೆ. ಗೆದ್ದಲು ಹತ್ತದಿರಲೆಂದು ಅದನ್ನು ತೊಲೆಗೂ ಬೇಲಿ ಗೂಟಕ್ಕೂ ಬಳಿಯುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಸವೆದ ಲೋಹದ ಪುಡಿಯೂ ರಾಸಾಯನಿಕಗಳೂ ಮಳೆಯಲ್ಲಿ ಇಳಿದು ಸೇರುವುದು ತೋಟದ ಮಣ್ಣಿಗೆ, ಅಲ್ಲಿಂದ ಕೆರೆಗೆ. 2016ರ ಕೇಂದ್ರ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. ಹೊಸ ಎಣ್ಣೆ ಬಂದ ಡಬ್ಬಿಗೇ ಹಳೆಯದನ್ನು ತುಂಬಿ, ಮುಚ್ಚಳ ಬಿಗಿದು, ಅಧಿಕೃತ ಸಂಸ್ಕರಣೆಗೆ ಕಳಿಸುವ ಗ್ಯಾರೇಜಿಗೆ ಕೊಡಿ. ಅಲ್ಲಿ ನೀರು, ಕಸ ತೆಗೆದು ನಿರ್ವಾತದಲ್ಲಿ ಬಟ್ಟಿ ಇಳಿಸಿದರೆ ಅದರಿಂದ ಮತ್ತೆ ಮೂಲ ಎಣ್ಣೆ ಸಿಗುತ್ತದೆ.