ಎಪ್ಪತ್ತು ರೂಪಾಯಿ ಬೋನಸ್ಸಿನಿಂದ ಎದ್ದ ಆಸ್ಪತ್ರೆ

1977ರ ಮೊದಲ ತಿಂಗಳುಗಳು. ಭಿಲಾಯಿ ಉಕ್ಕು ಕಾರ್ಖಾನೆಗೆ ಅದಿರು ಒದಗಿಸುವ ದಲ್ಲಿ ರಾಜಹರಾ ಗಣಿಗಳಲ್ಲಿ ಮಾನ್ಯತೆ ಪಡೆದ ಕಾರ್ಮಿಕ ಸಂಘಗಳು ಬೋನಸ್ ಒಪ್ಪಂದಕ್ಕೆ ಸಹಿ ಹಾಕಿ ಬಂದವು. ಕಾಯಂ ನೌಕರರಿಗೆ 308 ರೂಪಾಯಿ, ಗುತ್ತಿಗೆ ಕೂಲಿಗಳಿಗೆ 70 ರೂಪಾಯಿ. ಬೆಟ್ಟ ಒಂದೇ, ಅದಿರು ಒಂದೇ, ಅದು ಹೋಗಿ ಕರಗುವ ಕುಲುಮೆಯೂ ಒಂದೇ. ಗುತ್ತಿಗೆ ಕೂಲಿಗಳು ಹಣ ಮುಟ್ಟಲಿಲ್ಲ. ಸಾವಿರಗಟ್ಟಲೆ ಜನ ಹಳೆಯ ಸಂಘಗಳನ್ನು ಬಿಟ್ಟು ಹೊರಬಂದು ಬಯಲಲ್ಲಿ ಕೂತರು. ನಾಯಕ ಯಾರು ಎಂಬುದು ಆಗ ಅವರಿಗೇ ಗೊತ್ತಿರಲಿಲ್ಲ.

ಆರು ವರ್ಷಗಳ ನಂತರ ಅದೇ ಊರಿನಲ್ಲಿ ಅದೇ ಜನ ಒಂದು ಆಸ್ಪತ್ರೆ ಕಟ್ಟಿ ಬಾಗಿಲು ತೆರೆದರು. ಸರ್ಕಾರದ ಅನುದಾನ, ಕಂಪನಿಯ ಧರ್ಮಾರ್ಥ, ವಿದೇಶದ ನೆರವು, ಇವು ಯಾವುವೂ ಅದರಲ್ಲಿ ಇರಲಿಲ್ಲ. ಕಾರ್ಮಿಕ ಸಂಘವೆಂದರೆ ಬೋನಸ್ಸು, ಬಡ್ತಿ, ಬಂದ್ ಎಂದಷ್ಟೇ ತಿಳಿದವರಿಗೆ ಈ ಕಥೆ ಸ್ವಲ್ಪ ವಿಚಿತ್ರವಾಗಿ ಕಾಣಬಹುದು.

ದಲ್ಲಿ ರಾಜಹರಾ ಆಗ ಮಧ್ಯಪ್ರದೇಶದ ದುರ್ಗ್ ಜಿಲ್ಲೆಯಲ್ಲಿತ್ತು. ಈಗ ಛತ್ತೀಸ್‌ಗಢದ ಬಾಲೋದ್ ಜಿಲ್ಲೆಗೆ ಸೇರಿದೆ. ಸೋವಿಯತ್ ನೆರವಿನಿಂದ ಎದ್ದ ಭಿಲಾಯಿ ಕಾರ್ಖಾನೆಯ ಮೊದಲ ಊದುಕುಲುಮೆ 1959ರಲ್ಲಿ ಹೊತ್ತಿಕೊಂಡಿತು. ಅದರ ಹೊಟ್ಟೆ ತುಂಬಿಸಿದ್ದು ಈ ಕೆಂಪು ಗುಡ್ಡಗಳು. ಸಂಡೂರಿನ ಕಡೆಯವರಿಗೆ ಇಲ್ಲಿಯ ದೂಳನ್ನು ವಿವರಿಸಬೇಕಿಲ್ಲ. ಸೀರೆಗೆ, ಕೂದಲಿಗೆ, ಅನ್ನದ ತಟ್ಟೆಗೆ ಅಂಟುವ ಅದೇ ಕೆಂಪು. ಯಂತ್ರ ಹಾಕಿದ ಗಣಿಯಲ್ಲಿ ಕಾಯಂ ನೌಕರರಿದ್ದರು, ಅವರಿಗೆ ಟೌನ್‌ಶಿಪ್ಪು, ಕ್ವಾರ್ಟರ್ಸು, ಆಸ್ಪತ್ರೆ. ಕೈಗಣಿಗಳಲ್ಲಿ ಗುತ್ತಿಗೆದಾರರ ಕೆಳಗೆ ಸುಮಾರು 10,000 ಜನ. ಗಂಡಸರು ಹಾರೆ, ಸುತ್ತಿಗೆಯಿಂದ ಅದಿರು ಒಡೆಯುವುದು, ರೇಜಾ ಎಂದು ಕರೆಯುವ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಲಾರಿಗೆ ತುಂಬುವುದು. ಹೆಚ್ಚಿನವರು ಸುತ್ತಲಿನ ಹಳ್ಳಿಗಳ ಆದಿವಾಸಿಗಳು ಮತ್ತು ದಲಿತರು. ದಿನಗೂಲಿ ಮೂರು ನಾಲ್ಕು ರೂಪಾಯಿ. ಲಾರಿ ಬರದಿದ್ದರೆ ಅದೂ ಇಲ್ಲ.

ಬಯಲಲ್ಲಿ ಕೂತವರು ಕೊನೆಗೆ ಶಂಕರ್ ಗುಹಾ ನಿಯೋಗಿಯನ್ನು ಹುಡುಕಿಕೊಂಡು ಹೋದರು. ನಿಯೋಗಿ ಬಂಗಾಳಿ. ಭಿಲಾಯಿಯ ಕೋಕ್ ಓವನ್ ವಿಭಾಗದಲ್ಲಿ ಕೆಲಸಕ್ಕಿದ್ದು, ಜನರನ್ನು ಸಂಘಟಿಸಲು ಹೋಗಿ ಕೆಲಸ ಕಳೆದುಕೊಂಡಿದ್ದರು. ಮುಂದೆ ಹಳ್ಳಿ ಹಳ್ಳಿ ತಿರುಗಿ, ಆಡು ಮಾರಿ, ದಾನಿಟೋಲಾದ ಗಣಿಯಲ್ಲಿ ಕಲ್ಲು ಒಡೆದರು. ಅಲ್ಲೇ ಕೂಲಿಗಿದ್ದ ಆಶಾ ಅವರನ್ನು ಮದುವೆಯಾದರು. ತುರ್ತು ಪರಿಸ್ಥಿತಿಯಲ್ಲಿ ಮೀಸಾ ಕಾಯ್ದೆಯಡಿ ಜೈಲು ಸೇರಿ, ಆಗಷ್ಟೇ ಬಿಡುಗಡೆಯಾಗಿದ್ದರು. ಭಾಷಣ ಬಿಗಿಯುವ ಪೈಕಿಯಲ್ಲ, ಕೂಲಿಗಳ ಜೊತೆ ಕೂಲಿಯಾಗಿ ಬದುಕಿದವರು. 1977ರ ಮಾರ್ಚ್‌ನಲ್ಲಿ ಛತ್ತೀಸ್‌ಗಢ ಮೈನ್ಸ್ ಶ್ರಮಿಕ್ ಸಂಘ ಹುಟ್ಟಿತು.

ಹೊಸ ಸಂಘದ ಮೊದಲ ದೊಡ್ಡ ಬೇಡಿಕೆಗಳನ್ನು ನೋಡಿ. ಕೆಲಸವಿಲ್ಲದ ದಿನಕ್ಕೂ ಕೂಲಿಯ ಒಂದು ಪಾಲು ಕೊಡಬೇಕು ಎಂಬುದು ಒಂದು. ಮಳೆಗಾಲಕ್ಕೆ ಮುಂಚೆ ಗುಡಿಸಲು ರಿಪೇರಿಗೆ 100 ರೂಪಾಯಿ ಕೊಡಬೇಕು ಎಂಬುದು ಇನ್ನೊಂದು. ಬಿದಿರು ಮತ್ತು ಗಳುವಿಗಾಗಿ ಕೇಳಿದ್ದರಿಂದ ಅದಕ್ಕೆ ‘ಬಾಂಸ್-ಬಲ್ಲಿ’ ಭತ್ಯೆ ಎಂದೇ ಹೆಸರಾಯಿತು. ಸೋರುವ ಸೂರು ಕಾರ್ಮಿಕ ಒಪ್ಪಂದದ ಕಾಗದಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಕೂಲಿ ಮನೆಗೆ ಹೋದ ಮೇಲೆ ಅವನ ಬದುಕು ಹೇಗಿರುತ್ತದೆ ಎಂಬುದೂ ಸಂಘದ ಲೆಕ್ಕಕ್ಕೆ ಸೇರಿತು. ಸಂಘ ನೋಡಬೇಕಾದದ್ದು ಕಾರ್ಮಿಕನ ಎಂಟು ಗಂಟೆಯನ್ನಲ್ಲ, ಇಪ್ಪತ್ತನಾಲ್ಕು ಗಂಟೆಯನ್ನು ಎಂದು ನಿಯೋಗಿ ಆಮೇಲೆ ಹೇಳುತ್ತಿದ್ದುದರ ಬೇರು ಇಲ್ಲಿದೆ ಅನ್ನಿಸುತ್ತದೆ.

ಮಾತುಕತೆಯಲ್ಲಿ ಒಪ್ಪಿಕೊಂಡದ್ದನ್ನು ಕೊಡಲು ಗುತ್ತಿಗೆದಾರರು ಹಿಂದೇಟು ಹಾಕಿದರು. ಮುಷ್ಕರ ಶುರುವಾಯಿತು. ಜೂನ್ 2ರ ರಾತ್ರಿ ಪೊಲೀಸರು ಸಂಘದ ಗುಡಿಸಲಿನಿಂದ ನಿಯೋಗಿಯನ್ನು ಎಳೆದೊಯ್ದರು. ಕಾರ್ಮಿಕರು ಉಳಿದ ಪೊಲೀಸರನ್ನು ಸುತ್ತುವರಿದು, ನಮ್ಮವರನ್ನು ಬಿಟ್ಟರೆ ನಿಮ್ಮವರನ್ನು ಬಿಡುತ್ತೇವೆ ಎಂದು ಕೂತರು. ಆ ರಾತ್ರಿ ಒಮ್ಮೆ, ಮರುದಿನ ಮತ್ತೊಮ್ಮೆ ಗೋಲಿಬಾರ್ ಆಯಿತು. 11 ಮಂದಿ ಸತ್ತರು. ಅವರಲ್ಲಿ ಅನುಸೂಯಾ ಬಾಯಿ ಎಂಬ ಕಾರ್ಮಿಕ ಮಹಿಳೆ ಇದ್ದರು, ಸುದಾಮ ಎಂಬ ಬಾಲಕನೂ ಇದ್ದ. ಇಷ್ಟಾದರೂ ಮುಷ್ಕರ ಮುರಿಯಲಿಲ್ಲ, ಬೇಡಿಕೆಗಳು ಈಡೇರಿದವು. ಮುಂದಿನ ಕೆಲವೇ ವರ್ಷಗಳಲ್ಲಿ ಕೂಲಿ ಹಲವು ಪಟ್ಟು ಏರಿತು.

ಏರಿದ ಕೂಲಿ ನೇರವಾಗಿ ಸಾರಾಯಿ ಅಂಗಡಿಯ ಗಲ್ಲಾಪೆಟ್ಟಿಗೆ ಸೇರತೊಡಗಿತು. ಬೇರೆ ಸಂಘವಾಗಿದ್ದರೆ ಅದು ಅವರವರ ಮನೆಯ ವಿಷಯ ಎಂದು ಕೈತೊಳೆದುಕೊಳ್ಳುತ್ತಿತ್ತೇನೋ. ಇಲ್ಲಿ ಸದಸ್ಯರಲ್ಲಿ ಹೆಂಗಸರೂ ಬಹಳ. ಗಂಡನ ಕೂಲಿ ಏರಿದಷ್ಟೂ ಮನೆಗೆ ಬರುವ ದುಡ್ಡು ಇಳಿಯುತ್ತಿದ್ದುದನ್ನು ಕಣ್ಣಾರೆ ಕಂಡವರು ಅವರು. ಮೊಹಲ್ಲಾ ಮೊಹಲ್ಲಾಗಳಲ್ಲಿ ಸಮಿತಿಗಳಾದವು, ಕುಡಿದು ಬಂದವರಿಗೆ ದಂಡ ಬಿತ್ತು, ಸಾವಿರಾರು ಜನ ಕುಡಿತ ಬಿಟ್ಟರು. ಸಾರಾಯಿ ಗುತ್ತಿಗೆದಾರರು ಸುಮ್ಮನಿರಲಿಲ್ಲ. 1981ರಲ್ಲಿ ನಿಯೋಗಿ ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಬಂಧನಕ್ಕೊಳಗಾದರು. ಹೆಂಡ ಬಿಡಿ ಎಂದು ಹೇಳಿದವರಿಂದ ದೇಶದ ಭದ್ರತೆಗೆ ಏನು ಅಪಾಯವೋ, ಆ ಸರ್ಕಾರವೇ ಬಲ್ಲದು.

ಆಸ್ಪತ್ರೆಯ ಕನಸಿನ ಹಿಂದೆ ಇದ್ದದ್ದು ಒಂದು ಸಾವು. ಸಂಘದ ಉಪಾಧ್ಯಕ್ಷೆ ಕುಸುಮ್ ಬಾಯಿ ಹೆರಿಗೆಯಲ್ಲಿ ತೀರಿಕೊಂಡರು. ಕಾರ್ಖಾನೆಯ ಆಸ್ಪತ್ರೆಯಲ್ಲಿ ಗುತ್ತಿಗೆ ಕೂಲಿಗಳನ್ನು ಕೇಳುವವರಿಲ್ಲ, ಸಕಾಲಕ್ಕೆ ಚಿಕಿತ್ಸೆ ಸಿಕ್ಕಿದ್ದರೆ ಆಕೆ ಬದುಕುತ್ತಿದ್ದಳು ಎಂಬುದು ಕಾರ್ಮಿಕರ ಆರೋಪವಾಗಿತ್ತು. ಸಾವಿರಾರು ಜನ ಸೇರಿದರು. ಅಷ್ಟು ಸಿಟ್ಟು ಆಸ್ಪತ್ರೆಯ ಗಾಜು ಒಡೆದು ಮುಗಿದುಹೋಗುವ ಸಾಧ್ಯತೆಯಿತ್ತು. ಆದರೆ ಅವರು ನಮ್ಮದೇ ಹೆರಿಗೆ ಆಸ್ಪತ್ರೆ ಕಟ್ಟುತ್ತೇವೆ ಎಂಬ ನಿರ್ಧಾರ ಮಾಡಿ ಎದ್ದರು.

ಗೋಡೆ ಏಳುವ ಮುಂಚೆಯೇ ಕೆಲಸ ಶುರುವಾಯಿತು, ಕಸದಿಂದ. ಕೂಲಿಗಳ ಮೊಹಲ್ಲಾಗಳಲ್ಲಿ ಕಸ ಎತ್ತುವವರಿಲ್ಲ, ಚರಂಡಿಯಿಲ್ಲ, ಬೇಸಿಗೆ ಬಂತೆಂದರೆ ವಾಂತಿಭೇದಿ. ಹೆಂಗಸರು ಗುಡಿಸಿ ಗುಡ್ಡೆ ಹಾಕಿದರು. ಗಣಿಗೆ ಹೋಗುವ ಲಾರಿಗಳಿಗೆ ಅದನ್ನು ತುಂಬಿ ಊರಾಚೆ ಸಾಗಿಸಿದರು. ಇದನ್ನು ಎತ್ತುವ ಹೊಣೆ ನಿಮ್ಮದು, ಮಾಡದಿದ್ದರೆ ಕಸ ಸಾಹೇಬರ ಬಂಗಲೆಗಳ ಮುಂದೆ ಬೀಳುತ್ತದೆ ಎಂಬ ಮಾತು ಆಡಳಿತದ ಕಿವಿಗೆ ಮುಟ್ಟಿತು. ಕಸ ಸಾಗಿಸುವ ಏರ್ಪಾಡೂ ಆಯಿತು. ಈ ಪ್ರಸಂಗ ನನಗೆ ಬಹಳ ಇಷ್ಟ. ಸಮುದಾಯ ಅಭಿವೃದ್ಧಿಯ ಮೇಲೆ ಬರೆದ ಎಷ್ಟೋ ದಪ್ಪ ವರದಿಗಳಿಗಿಂತ ಒಂದು ಲಾರಿ ಕಸ ಹೆಚ್ಚು ಹೇಳುತ್ತದೆ: ಮೊದಲು ನಾವೇ ಮಾಡಿ ತೋರಿಸುತ್ತೇವೆ, ಹಾಗೆಂದು ನಿಮ್ಮ ಹೊಣೆಯನ್ನು ಮನ್ನಾ ಮಾಡುವುದಿಲ್ಲ.

1981ರಲ್ಲಿ ಬಿನಾಯಕ್ ಸೇನ್, ಆಶಿಶ್ ಕುಂಡು, ಪಬಿತ್ರ ಗುಹಾ ಎಂಬ ಯುವ ವೈದ್ಯರು ಬಂದು ಸೇರಿಕೊಂಡರು. ಶೈಬಾಲ್ ಜಾನಾ ಬಂದರು, ಕೆಲವು ವರ್ಷಗಳ ನಂತರ ಪುಣ್ಯಬ್ರತ ಗುಣ್. 1982ರ ಜನವರಿ 26ರಂದು ಸಂಘದ ಕಚೇರಿಯ ಪಕ್ಕದ ಗ್ಯಾರೇಜಿನಲ್ಲಿ ಚಿಕಿತ್ಸಾಲಯ ಶುರುವಾಯಿತು. ಇನ್ನೊಂದು ಕಡೆ ಕಟ್ಟಡ ಏಳುತ್ತಿತ್ತು. ಪಾಳಿ ಮುಗಿಸಿ ಬಂದ ಗಣಿ ಕೂಲಿಗಳೇ ಕಲ್ಲು ಹೊತ್ತರು, ಗಾರೆ ಕಲಸಿದರು. ಹಣ ಬಂದದ್ದು ಅವರು ಹೋರಾಡಿ ಪಡೆದ ಭತ್ಯೆಗಳಿಂದ. ಗೆದ್ದ ಹಣದಲ್ಲಿ ಒಂದು ಪಾಲನ್ನು ಎಲ್ಲರೂ ಆಸ್ಪತ್ರೆಗೆ ಎತ್ತಿಟ್ಟರು. ಹೊರಗಿನ ದೊಡ್ಡ ದೇಣಿಗೆಗೆ ಕೈ ಚಾಚಬಾರದು ಎಂಬ ನಿಯಮವನ್ನು ಸಂಘ ಬಿಗಿಯಾಗಿ ಪಾಲಿಸಿತು. 1983ರ ಜೂನ್ 3ರಂದು, ಗೋಲಿಬಾರಿನ ಆರನೇ ವರ್ಷಕ್ಕೆ, 15 ಹಾಸಿಗೆಗಳ ಶಹೀದ್ ಆಸ್ಪತ್ರೆ ತೆರೆಯಿತು. ಬಾಗಿಲು ತೆರೆಯಲು ಮಂತ್ರಿಯನ್ನು ಕರೆದಿರಲಿಲ್ಲ. ಗಣಿಯ ಹಿರಿಯ ಕಾರ್ಮಿಕನೊಬ್ಬ, ಸಮೀಪದ ಹಳ್ಳಿಯ ಹಿರಿಯ ರೈತನೊಬ್ಬ ಆ ಕೆಲಸ ಮಾಡಿದರು.

ಕಾರ್ಮಿಕ ಸಂಘಗಳು ಧರ್ಮಕಾರ್ಯ ಮಾಡಿದ್ದು ಇದೇ ಮೊದಲಲ್ಲ. ಅಹಮದಾಬಾದಿನಲ್ಲಿ 1920ರಲ್ಲಿ ಹುಟ್ಟಿದ ಮಜೂರ್ ಮಹಾಜನ ಸಂಘ ಗಿರಣಿ ಕಾರ್ಮಿಕರ ಕೇರಿಗಳಲ್ಲಿ ಶಾಲೆ, ಚಿಕಿತ್ಸಾಲಯ ನಡೆಸಿತ್ತು. ಅದರ ಮಹಿಳಾ ವಿಭಾಗದ ಒಡಲಿಂದಲೇ 1972ರಲ್ಲಿ ದುಡಿಯುವ ಹೆಂಗಸರ ಸಂಘ ‘ಸೇವಾ’ ಹೊರಬಂದದ್ದು. ದೂರದ ಕೆನಡಾದಲ್ಲಿ ಉಕ್ಕು ಕಾರ್ಮಿಕರು ಇಥಿಯೋಪಿಯಾದ ಬರಗಾಲದ ಚಿತ್ರಗಳನ್ನು ಟಿವಿಯಲ್ಲಿ ಕಂಡು 1985ರಲ್ಲಿ ಒಂದು ಮಾನವೀಯತಾ ನಿಧಿ ಕಟ್ಟಿದರು. ದುಡಿದ ಒಂದೊಂದು ಗಂಟೆಗೆ ಒಂದು ಸೆಂಟ್, ಅದು ಹೋಗುವುದು ಪರದೇಶದ ಬಡವರಿಗೆ ಮತ್ತು ಸ್ವದೇಶದ ಆಹಾರ ನಿಧಿಗಳಿಗೆ. ದೊಡ್ಡ ಮನಸ್ಸಿನ ಕೆಲಸವೇ. ಆದರೆ ಅಲ್ಲಿ ಕೊಡುವವನು ಒಬ್ಬ, ಪಡೆಯುವವನು ಇನ್ನೊಬ್ಬ. ರಾಜಹರಾದಲ್ಲಿ ಕೊಟ್ಟವನು, ಕಟ್ಟಿದವನು, ಮಲಗಿದವನು ಮೂವರೂ ಒಬ್ಬನೇ. ಹಾಗಾಗಿ ಆಸ್ಪತ್ರೆ ಹೇಗೆ ನಡೆಯಬೇಕು ಎಂದು ಕೇಳುವ ಹಕ್ಕು ರೋಗಿಗೇ ಇತ್ತು.

ಆ ಹಕ್ಕು ಔಷಧಿಯ ಚೀಟಿಯವರೆಗೂ ಹೋಯಿತು. ಸಣ್ಣ ಊರುಗಳಲ್ಲಿ ಡಾಕ್ಟರೆಂದರೆ ಸೂಜಿ, ಸುಸ್ತು ಎಂದರೆ ಗ್ಲೂಕೋಸ್ ಬಾಟ್ಲಿ, ಬಡಕಲಾದವನಿಗೆ ಬಣ್ಣದ ಟಾನಿಕ್ಕು. ಶಹೀದ್ ಆಸ್ಪತ್ರೆಯವರು ಇದಕ್ಕೆ ಸೊಪ್ಪು ಹಾಕಲಿಲ್ಲ. ಭೇದಿಗೆ ನೀರು, ಉಪ್ಪು, ಸಕ್ಕರೆ ಬೆರೆಸಿ ಕುಡಿಸುವುದನ್ನು ಮನೆಮನೆಗೆ ಹೇಳಿಕೊಟ್ಟರು. ಹೇಳಿಕೊಟ್ಟವರು ಹೊರಗಿನಿಂದ ಬಂದ ನರ್ಸುಗಳಲ್ಲ. ಹಗಲು ಗಣಿಯಲ್ಲಿ ಅದಿರು ಒಡೆದು, ಸಂಜೆ ಆಸ್ಪತ್ರೆಯಲ್ಲಿ ತರಬೇತಿ ಪಡೆದ ಕಾರ್ಮಿಕರು. ಬೇಡದ ಔಷಧಿ ಬರೆಯುವುದಿಲ್ಲ ಎಂದಾಗ ಮುನಿಸಿಕೊಂಡವರು ಇದ್ದೇ ಇರುತ್ತಾರೆ. ದುಡ್ಡು ಕೊಟ್ಟರೂ ಇಂಜೆಕ್ಷನ್ ಹಾಕದ ಆಸ್ಪತ್ರೆಯನ್ನು ಜನ ನಂಬುವಂತೆ ಮಾಡುವುದು ಗೋಡೆ ಕಟ್ಟುವುದಕ್ಕಿಂತ ಕಷ್ಟದ ಕೆಲಸ.

ಆಸ್ಪತ್ರೆಯೊಂದೇ ಅಲ್ಲ. ಸಂಘ ಮೊಹಲ್ಲಾಗಳಲ್ಲಿ ಮಕ್ಕಳಿಗೆ ಶಾಲೆ ಕಟ್ಟಿತು, ಹಾಡು ನಾಟಕಗಳಿಗೆ ‘ನವಾ ಅಂಜೋರ್’ ತಂಡ ಮಾಡಿಕೊಂಡಿತು. 1856ರ ಬರಗಾಲದಲ್ಲಿ ವ್ಯಾಪಾರಿಯ ಕಣಜ ತೆಗೆಸಿ ಹಸಿದವರಿಗೆ ಧಾನ್ಯ ಹಂಚಿ, ಬ್ರಿಟಿಷರಿಂದ ಗಲ್ಲಿಗೇರಿದ ಸೋನಾಖಾನಿನ ವೀರ ನಾರಾಯಣ ಸಿಂಹನ ನೆನಪನ್ನು ಮತ್ತೆ ಎತ್ತಿ ನಿಲ್ಲಿಸಿತು. ‘ಸಂಘರ್ಷ ಮತ್ತು ನಿರ್ಮಾಣ’ ಎಂಬುದು ಅವರ ಮಂತ್ರ. ಧ್ವಜದ ಬಣ್ಣ ಕೆಂಪು ಹಸಿರು, ಕಾರ್ಮಿಕನಿಗೊಂದು, ರೈತನಿಗೊಂದು. ಇಡೀ ಗಣಿಯನ್ನು ಯಂತ್ರಕ್ಕೆ ಒಪ್ಪಿಸುವ ಯೋಜನೆ ಬಂದಾಗಲೂ ಬೇಡ ಎಂದಷ್ಟೇ ಹೇಳದೆ, ಅರ್ಧ ಯಂತ್ರ ಅರ್ಧ ಕೈ ಎಂಬ ತಮ್ಮದೇ ಪರ್ಯಾಯ ಯೋಜನೆಯನ್ನು ಮುಂದಿಟ್ಟು ವರ್ಷಗಟ್ಟಲೆ ಕೆಲಸ ಉಳಿಸಿಕೊಂಡರು.

ನಿಯೋಗಿ ಆಮೇಲೆ ಭಿಲಾಯಿಯ ಖಾಸಗಿ ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರ ಕಡೆ ತಿರುಗಿದರು. 1991ರ ಸೆಪ್ಟೆಂಬರ್ 28ರ ನಸುಕಿನಲ್ಲಿ, ಮಲಗಿದ್ದಲ್ಲೇ, ಕಿಟಕಿಯಾಚೆಯಿಂದ ಗುಂಡು ಹೊಡೆದು ಅವರನ್ನು ಕೊಂದರು. ಮರುವರ್ಷ ಜುಲೈ 1ರಂದು ಭಿಲಾಯಿಯಲ್ಲಿ ರೈಲು ಹಳಿಯ ಮೇಲೆ ಕೂತಿದ್ದ ಕಾರ್ಮಿಕರ ಮೇಲೆ ಗೋಲಿಬಾರ್ ನಡೆದು 16 ಮಂದಿ ಸತ್ತರು. ನಿಯೋಗಿ ಕೊಲೆ ಪ್ರಕರಣ 2005ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೊನೆಗೊಂಡಾಗ ಶಿಕ್ಷೆಯಾದದ್ದು ಗುಂಡು ಹೊಡೆದವನೊಬ್ಬನಿಗೆ ಮಾತ್ರ. 1992ರ ಗೋಲಿಬಾರಿಗೆ ಸಂಬಂಧಿಸಿದ ಹಳೆಯ ಕೇಸಿನಲ್ಲಿ ಡಾ. ಶೈಬಾಲ್ ಜಾನಾ ಅವರನ್ನು 2016ರಲ್ಲಿ ಬಂಧಿಸಿದರು. ದಶಕಗಳಿಂದ ಅದೇ ಊರಿನ ಅದೇ ಆಸ್ಪತ್ರೆಯಲ್ಲಿ ರೋಗಿ ನೋಡುತ್ತಿದ್ದ ಮನುಷ್ಯ ಪೊಲೀಸ್ ಕಾಗದದಲ್ಲಿ ತಲೆಮರೆಸಿಕೊಂಡ ಆರೋಪಿಯಾಗಿದ್ದರು!

ಇವೆಲ್ಲವನ್ನೂ ಆಸ್ಪತ್ರೆ ದಾಟಿ ಬಂತು. ನನಗೆ ಹೆಚ್ಚು ಕಾಡುವುದು ಬೇರೆ ಪ್ರಶ್ನೆ. ಕೊಡುವವರೇ ಕರಗಿಹೋದರೆ? ಹೋರಾಟದ ಫಲವಾಗಿ ಕೈಗಣಿಯ ಎಷ್ಟೋ ಕೂಲಿಗಳು ಕಾಯಂ ಆದರು, ಕಾಯಂ ಆದವರು ನಿವೃತ್ತರಾದರು, ಅವರ ಜಾಗಕ್ಕೆ ಯಂತ್ರ ಬಂತು. ಬೆಟ್ಟದಲ್ಲಿ ಅದಿರೂ ಸವೆಯುತ್ತಾ ಬಂದು ಭಿಲಾಯಿ ರಾವ್‌ಘಾಟ್ ಕಡೆ ಕಣ್ಣು ಹಾಕಿತು. ಒಂದು ಕಾಲಕ್ಕೆ ಸಾವಿರಾರು ಜನ ಭತ್ಯೆ ಎತ್ತಿಕೊಟ್ಟ ಸಂಘ ಸಂಖ್ಯೆಯಲ್ಲಿ ಕುಗ್ಗಿತು. ಆಸ್ಪತ್ರೆ ಮಾತ್ರ ಬೆಳೆಯಿತು. 15 ಹಾಸಿಗೆ ಇದ್ದದ್ದು ನೂರು ದಾಟಿದೆ. ಈಗ ಬರುವವರಲ್ಲಿ ಗಣಿಯವರಿಗಿಂತ ಸುತ್ತಲಿನ ಹಳ್ಳಿಗಳ, ಪಕ್ಕದ ಜಿಲ್ಲೆಗಳ ಬಡ ರೈತರು, ಆದಿವಾಸಿಗಳು ಹೆಚ್ಚು. ಸಂಘದ ಚಂದಾ ಚೀಟಿ ಅವರ ಹತ್ತಿರ ಇಲ್ಲ. ಆಸ್ಪತ್ರೆಯ ಖರ್ಚು ಬಹುಪಾಲು ಹೊರಡುವುದು ಅವರು ಕಟ್ಟುವ ಕಡಿಮೆ ಶುಲ್ಕದಿಂದಲೇ. ಶುಲ್ಕ ಏರಿಸಿದರೆ ಅವರು ಬರುವುದಿಲ್ಲ, ಏರಿಸದಿದ್ದರೆ ಡಾಕ್ಟರುಗಳು ನಿಲ್ಲುವುದಿಲ್ಲ.