ಮನೆಯ ವೈ-ಫೈ: ದೋಷ ಎಲ್ಲಿದೆ?

ರೇಡಿಯೋ ಇಟ್ಟುಕೊಂಡ ಮನೆಯವರಿಗೆ ಒಂದು ವಿವೇಕ ತಾನಾಗಿಯೇ ಬಂದಿರುತ್ತದೆ. ಸಂಜೆಯ ವಾರ್ತೆ ಗೊರಗೊರ ಸದ್ದಿನಲ್ಲಿ ಮುಳುಗಿಹೋದರೆ ಅವರು ಕೂಡಲೇ ಪೆಟ್ಟಿಗೆಯನ್ನು ಬಿಚ್ಚಲು ಹೋಗುವುದಿಲ್ಲ. ಮೊದಲು ಪಕ್ಕದ ಮನೆಯ ಕಡೆಗೆ ಕಿವಿಗೊಡುತ್ತಾರೆ. ಅಲ್ಲಿಯೂ ಅದೇ ಸದ್ದು ಕೇಳಿಸಿದರೆ ದೋಷ ಕೇಂದ್ರದಲ್ಲಿಯೋ ಆಕಾಶದಲ್ಲಿಯೋ ಇದೆ. ಅಲ್ಲಿ ವಾರ್ತೆ ಸ್ಪಷ್ಟವಾಗಿ ಕೇಳುತ್ತಿದ್ದರೆ ದೋಷ ನಮ್ಮ ಮನೆಯದು. ಅನಂತರ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿದೆಯೇ ಎಂದು ನೋಡುತ್ತಾರೆ. ಪೆಟ್ಟಿಗೆಯನ್ನು ಕೊಂಚ ಆಚೀಚೆ ತಿರುಗಿಸಿ ಇಡುತ್ತಾರೆ. ಇಂದು ಅವೇ ಮನೆಗಳಲ್ಲಿ ರೇಡಿಯೋವಿನ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಬಂದು ಕುಳಿತಿದೆ. ಅದರ ಹೆಸರು ರೂಟರ್. ಅದು ಕೆಟ್ಟಾಗ ಮಾತ್ರ ನಮ್ಮ ಹಳೆಯ ವಿವೇಕ ಎಲ್ಲಿ ಹೋಗುತ್ತದೆಯೋ ತಿಳಿಯದು. ಕುಣಿಯಲಾರದವಳು ನೆಲ ಡೊಂಕು ಎಂದಂತೆ, ಒಬ್ಬರು ಕಂಪನಿಯನ್ನು ಬೈಯುತ್ತಾರೆ, ಇನ್ನೊಬ್ಬರು ಹೊಸ ಪೆಟ್ಟಿಗೆ ಕೊಳ್ಳುತ್ತಾರೆ, ಮತ್ತೊಬ್ಬರು ಮನೆಯವರ ಮೇಲೆಯೇ ತಪ್ಪು ಹೊರಿಸುತ್ತಾರೆ.

ಈ ಮೂರನೆಯದು ಮಂಚೇನಹಳ್ಳಿಯ ನಮ್ಮ ಮನೆಯಲ್ಲಿಯೇ ನಡೆಯಿತು. ಕೆಳಗಿನ ಹಳೆಯ ಕಲ್ಲುಗೋಡೆಯ ಮನೆಯಲ್ಲಿ ನಮ್ಮಣ್ಣನ ಸಂಸಾರ. ಮೇಲೆ ಕಟ್ಟಿಸಿದ ಮಹಡಿಯಲ್ಲಿ ನಮ್ಮದು. ಅಂತರಜಾಲದ ಸಂಪರ್ಕ ಒಂದೇ, ಖರ್ಚು ಅರ್ಧರ್ಧ. ಪೆಟ್ಟಿಗೆ ಇದ್ದುದು ಕೆಳಗೆ. ಅಣ್ಣನ ಮಗಳು ಸಿಇಟಿ ಬರೆದು, ಕಾಲೇಜುಗಳ ಆಯ್ಕೆಪಟ್ಟಿಯನ್ನು ಅಂತರಜಾಲದಲ್ಲಿ ನಮೂದಿಸಬೇಕಾಗಿದ್ದ ಕೊನೆಯ ದಿನದ ಸಂಜೆ ಸಂಪರ್ಕ ನಿಂತುಹೋಯಿತು. ಆ ಹುಡುಗಿ ಕಣ್ಣೀರು ತುಂಬಿಕೊಂಡು ತಂದೆಯೊಡನೆ ಬಸ್ ನಿಲ್ದಾಣದ ಬಳಿಯ ಅಂಗಡಿಗೆ ಹೋಗಿ ಕೆಲಸ ಮುಗಿಸಿ ಬಂದಳು. ಅಣ್ಣ ಮೆಟ್ಟಿಲ ಬುಡದಲ್ಲಿ ನಿಂತು, "ಮೇಲಿನವರು ಎಲ್ಲವನ್ನೂ ಎಳೆದುಕೊಂಡರೆ ಕೆಳಗಿನವರಿಗೆ ಏನು ಉಳಿಯುತ್ತದಪ್ಪ?" ಎಂದರು. ನಾನು, "ಪೆಟ್ಟಿಗೆ ನಿಮ್ಮ ಹತ್ತಿರವೇ ಇದೆಯಲ್ಲಣ್ಣ" ಎಂದೆ. ಆ ಮೇಲೆ ಎರಡು ವಾರ ನಮ್ಮಿಬ್ಬರಿಗೂ ಮಾತು ಕಡಿಮೆಯಾಯಿತು.

ಹಳಗನ್ನಡ ಪದ್ಯವನ್ನು ಪಾಠ ಹೇಳುವಾಗ ನಾವು ಮೊದಲು ಪದಚ್ಛೇದ ಮಾಡುತ್ತೇವೆ, ಬಳಿಕ ಅನ್ವಯ, ಕೊನೆಗೆ ತಾತ್ಪರ್ಯ. ತಾತ್ಪರ್ಯದಿಂದಲೇ ಹೊರಟ ಹುಡುಗ ಎಡವುವುದು ಖಂಡಿತ. ಮೂವತ್ತು ವರ್ಷ ಇದನ್ನು ಬೋಧಿಸಿದ ನಾನೂ ನಮ್ಮಣ್ಣನೂ ಆ ಸಂಜೆ ತಾತ್ಪರ್ಯದಿಂದಲೇ ಹೊರಟಿದ್ದೆವು. ಆದುದರಿಂದ ಈ ಪೆಟ್ಟಿಗೆಯ ಪದಚ್ಛೇದವನ್ನು ಈಗ ತಮ್ಮೆದುರಿಗೆ ಮಾಡುತ್ತೇನೆ.

ಈ ಪೆಟ್ಟಿಗೆ ಮೂಲತಃ ಏನು? ಅದೊಂದು ಪುಟ್ಟ ಬಾನುಲಿ ಕೇಂದ್ರ. ೧೯೩೫ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರೇಷಕಯಂತ್ರವನ್ನಿಟ್ಟು 'ಆಕಾಶವಾಣಿ'ಯನ್ನು ಆರಂಭಿಸಿದರಲ್ಲವೆ? ಆ ಯಂತ್ರದ ಶಕ್ತಿ ೩೦ ವಾಟ್. ನಮ್ಮ ಗೂಡಿನಲ್ಲಿ ಕುಳಿತ ರೂಟರಿನ ಶಕ್ತಿ ಸಾಮಾನ್ಯವಾಗಿ ಒಂದು ವಾಟಿನ ಹತ್ತನೆಯ ಒಂದು ಪಾಲಿನಷ್ಟು. ಕೆಲಸದ ಜಾತಿ ಮಾತ್ರ ಒಂದೇ: ಸುದ್ದಿಯನ್ನು ರೇಡಿಯೋ ಅಲೆಗಳಾಗಿ ಗಾಳಿಗೆ ಬಿಡುವುದು. ವ್ಯತ್ಯಾಸವೆಂದರೆ, ಇಲ್ಲಿ ಕೇಳುವವರೂ ಮಾತನಾಡುತ್ತಾರೆ. ಮನೆಯ ಪ್ರತಿಯೊಂದು ಫೋನೂ ಕೇಳುಗನೂ ಹೌದು, ಭಾಷಣಕಾರನೂ ಹೌದು.

ರೇಡಿಯೋ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಈ ಪುಟ್ಟ ಕೇಂದ್ರಕ್ಕಾದರೋ ಲೈಸೆನ್ಸ್ ಬೇಡ. ೨.೪ ಗಿಗಾಹರ್ಟ್ಸ್ ಆವರ್ತನದ ಪಟ್ಟಿಯನ್ನು ಭಾರತ ಸರ್ಕಾರ ೨೦೦೫ರಲ್ಲಿಯೂ, ೫ ಗಿಗಾಹರ್ಟ್ಸ್ ಸುತ್ತಿನ ಪಟ್ಟಿಗಳನ್ನು ೨೦೧೮ರಲ್ಲಿಯೂ ಅಲ್ಪಶಕ್ತಿಯ ಬಳಕೆಗಾಗಿ ಮುಕ್ತಗೊಳಿಸಿತು. ಮುಕ್ತವಾದ ಊರಬಾವಿಗೆ ಎಲ್ಲರೂ ಕೊಡ ತರುತ್ತಾರೆ. ನಿಮ್ಮ ರೂಟರು, ಎದುರುಮನೆಯವರದು, ಹಾಡು ಕೇಳುವ ಬ್ಲೂಟೂತ್ ಡಬ್ಬಿ ಎಲ್ಲವೂ ೨.೪ರ ಬಾವಿಗೇ ಹಗ್ಗ ಬಿಡುತ್ತವೆ. ಮೈಕ್ರೋವೇವ್ ಒಲೆಯ ಸೋರಿಕೆಯ ಅಲೆಯೂ ಅಲ್ಲಿಗೇ ಬಂದು ಬೀಳುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ದೋಷದ ವಿಚಾರ. ಹೊರಗಿನ ಲೋಕದಿಂದ ನಿಮ್ಮ ಫೋನಿನವರೆಗೆ ದಾರಿಯಲ್ಲಿ ಮೂರು ಘಟ್ಟಗಳಿವೆ: ಹೊರಗಿನಿಂದ ಬರುವ ತಂತಿ, ಪೆಟ್ಟಿಗೆ, ಮನೆಯೊಳಗಿನ ಗಾಳಿ. ಯಾವ ಘಟ್ಟದಲ್ಲಿ ತಡೆಯಾಗಿದೆ ಎಂದು ಗೊತ್ತುಮಾಡುವುದೇ ಅರ್ಧ ಚಿಕಿತ್ಸೆ.

ಮೊದಲನೆಯದು ತಂತಿ. ಈಗ ಅನೇಕ ಮನೆಗಳಿಗೆ ಬರುವುದು ತಾಮ್ರದ ತಂತಿಯಲ್ಲ, ಕೂದಲೆಳೆಯಂತಹ ಗಾಜಿನ ಎಳೆ. ಅದರೊಳಗೆ ಕಣ್ಣಿಗೆ ಕಾಣದ ಬೆಳಕು ಸುದ್ದಿಯನ್ನು ಹೊತ್ತು ಹರಿಯುತ್ತದೆ. ಎಳೆಯನ್ನು ಬಾಗಿಲ ಸಂದಿನಲ್ಲಿ ಸಿಕ್ಕಿಸಿದರೆ, ಮೊಳೆಗೆ ಬಿಗಿಯಾಗಿ ಸುತ್ತಿದರೆ ಬೆಳಕು ಸೋರಿಹೋಗುತ್ತದೆ. ಪೆಟ್ಟಿಗೆಯ ಮೇಲೆ 'ಲಾಸ್' ಎಂಬ ದೀಪ ಕೆಂಪಾಗಿ ಮಿಣುಕುತ್ತಿದ್ದರೆ ಬೆಳಕು ಬರುತ್ತಿಲ್ಲವೆಂದು ಅರ್ಥ. ಆಗ ಮನೆಯವರು ಮಾಡಬೇಕಾದುದು ಹೆಚ್ಚೇನಿಲ್ಲ. ಎಳೆ ಎಲ್ಲಿಯಾದರೂ ಮಡಿಚಿದೆಯೇ ಎಂದು ನೋಡಿ, ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಎಳೆಯ ತುದಿಯನ್ನು ಬಿಚ್ಚಿ ಅದರೊಳಗೆ ಕಣ್ಣಿಟ್ಟು ನೋಡಬಾರದು. ಕಾಣದ ಬೆಳಕೂ ಕಣ್ಣಿಗೆ ಕೇಡು. ರಿಪೇರಿಗೆ ಬಂದವರನ್ನು "ಬೆಳಕಿನ ಅಳತೆ ಎಷ್ಟಿದೆ?" ಎಂದು ಕೇಳಿ. ಅದನ್ನು ಡಿಬಿಎಂ ಎಂಬ ಮಾನದಲ್ಲಿ ಋಣಸಂಖ್ಯೆಯಾಗಿ ಹೇಳುತ್ತಾರೆ. ಸಾಮಾನ್ಯ ಸಂಪರ್ಕದಲ್ಲಿ ಋಣ ೨೭ಕ್ಕಿಂತಲೂ ಕೆಳಗಿಳಿದರೆ ಸಂಪರ್ಕ ನಿಲ್ಲುವುದು ಕಷ್ಟ. ಋಣ ೨೦ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ.

ಎರಡನೆಯದು ಪೆಟ್ಟಿಗೆ. ಅದು ಒಂದು ಚಿಕ್ಕ ಗಣಕಯಂತ್ರ. ಬಿಸಿಯಾದರೆ ಅದಕ್ಕೂ ಮಂಕು ಕವಿಯುತ್ತದೆ. ಹಿಂದೆ ರೇಡಿಯೋಗೆ ಕಸೂತಿಯ ಬಟ್ಟೆ ಹೊದಿಸುತ್ತಿದ್ದ ನಮ್ಮ ಹೆಣ್ಣುಮಕ್ಕಳು ಇದಕ್ಕೂ ಹೊದಿಸುವುದುಂಟು, ದಯವಿಟ್ಟು ಬೇಡ. ಒಂದು ನಿಮಿಷ ಆರಿಸಿ ಮತ್ತೆ ಹಚ್ಚುವುದು ಒಳ್ಳೆಯ ಪ್ರಥಮ ಚಿಕಿತ್ಸೆ. ಆದರೆ ದಿನವೂ ಹಾಗೆ ಮಾಡಬೇಕಾಗಿ ಬಂದರೆ, ಅದು ರೋಗವನ್ನು ಮುಚ್ಚಿಟ್ಟು ನೋವಿನ ಗುಳಿಗೆ ನುಂಗಿದಂತೆ. ಪೆಟ್ಟಿಗೆಯಿಂದ ಒಂದು ಗಣಕಯಂತ್ರಕ್ಕೆ ನೇರವಾಗಿ ಕೇಬಲ್ ಜೋಡಿಸಿ ನೋಡಿ. ಕೇಬಲಿನಲ್ಲಿ ಸರಾಗವಾಗಿದ್ದು ವೈ-ಫೈಯಲ್ಲಿ ಮಾತ್ರ ತೊಡಕಿದ್ದರೆ, ಕಂಪನಿಯೂ ತಂತಿಯೂ ನಿರ್ದೋಷಿಗಳು. ಈ ಒಂದು ಪರೀಕ್ಷೆ ಎಷ್ಟೋ ಜಗಳಗಳನ್ನು ತಪ್ಪಿಸುತ್ತದೆ.

ಮೂರನೆಯದು ಗಾಳಿ. ಬೆಂಗಳೂರು ಕೇಂದ್ರದ ೬೧೨ ಕಿಲೋಹರ್ಟ್ಸ್ ಎಂದು ನಾವು ಕೇಳುತ್ತಾ ಬೆಳೆದ ಅಲೆಯ ಉದ್ದ ಸುಮಾರು ೪೯೦ ಮೀಟರ್. ಅಂತಹ ಅಲೆ ಬೆಟ್ಟಗುಡ್ಡಗಳನ್ನು ಬಳಸಿಕೊಂಡು ಬರುತ್ತದೆ. ವೈ-ಫೈಯ ೨.೪ ಗಿಗಾಹರ್ಟ್ಸ್ ಅಲೆಯ ಉದ್ದವಾದರೋ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ೫ ಗಿಗಾಹರ್ಟ್ಸಿನದು ಅದರ ಅರ್ಧ. ನಮ್ಮ ಸೀಮೆಯ ಹಳೆಯ ಮನೆಗಳ ದಪ್ಪ ಕಲ್ಲುಗೋಡೆ, ಕಬ್ಬಿಣದ ಸರಳಿನ ತಾರಸಿ, ಉಕ್ಕಿನ ಬೀರು, ನಿಲುವುಗನ್ನಡಿ, ನೀರಿನ ತೊಟ್ಟಿ ಇವೆಲ್ಲ ಅದರ ಪಾಲಿಗೆ ಬೆಟ್ಟಗಳೇ. ಆದುದರಿಂದ ಪೆಟ್ಟಿಗೆಯನ್ನು ಮೂಲೆಯ ಬೀರುವಿನ ಹಿಂದೆ ಬಚ್ಚಿಡದೆ, ಮನೆಯ ನಡುವೆ, ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ, ಬಯಲಾಗಿ ಇಡಬೇಕು. ಹತ್ತಿರ ಕುಳಿತು ವೇಗ ಬೇಕೆನ್ನುವವರು ೫ ಗಿಗಾಹರ್ಟ್ಸನ್ನೂ, ಒಂದೆರಡು ಗೋಡೆ ಆಚೆಗಿರುವವರು ೨.೪ ಅನ್ನೂ ಹಿಡಿದುಕೊಳ್ಳುವುದು ಲೇಸು.

ಗಾಳಿಯಲ್ಲಿ ಇನ್ನೊಂದು ನಿಯಮವಿದೆ. ಒಂದು ಚಾನೆಲಿನಲ್ಲಿ ಒಮ್ಮೆಗೆ ಒಬ್ಬರೇ ಮಾತನಾಡಬೇಕು. ಪ್ರತಿಯೊಂದು ಯಂತ್ರವೂ ಮೊದಲು ಕಿವಿಗೊಟ್ಟು, ಯಾರೂ ಮಾತನಾಡುತ್ತಿಲ್ಲವೆಂದು ಖಚಿತವಾದ ಮೇಲೆ ತಾನು ಬಾಯಿ ತೆರೆಯುತ್ತದೆ. ನಮ್ಮ ತರಗತಿಗಳಿಗಿಂತ ಅಲ್ಲಿಯೇ ಶಿಸ್ತು ಹೆಚ್ಚು. ಪಕ್ಕದ ಮನೆಯ ಪೆಟ್ಟಿಗೆಯೂ ಅದೇ ಚಾನೆಲಿನಲ್ಲಿದ್ದರೆ ಅದರ ಮಾತು ಮುಗಿಯುವವರೆಗೂ ನಿಮ್ಮದು ಕಾಯಬೇಕು. ಸಂಜೆ ಎಲ್ಲ ಮನೆಗಳೂ ಎಚ್ಚೆತ್ತಾಗ ವೇಗ ಕುಗ್ಗುವುದಕ್ಕೆ ಇದೊಂದು ಕಾರಣ. ೨.೪ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು ಮೂರೇ: ೧, ೬, ೧೧. ಅವುಗಳಲ್ಲಿ ನೆರೆಯವರು ಕಡಿಮೆ ಬಳಸುವುದನ್ನು ಆರಿಸಿಕೊಳ್ಳಿ. ದೂರದ ಕೋಣೆಯಲ್ಲಿ ಅಲೆ ಸರಿಯಾಗಿ ಸಿಗದ ಫೋನು ತೊದಲುತ್ತಾ ನಿಧಾನವಾಗಿ ಮಾತನಾಡುತ್ತದೆ. ಅದು ಮುಗಿಸುವವರೆಗೂ ಉಳಿದವರೆಲ್ಲ ಕಾಯುತ್ತಾರೆ. ಹೀಗೆ ಒಬ್ಬರಿಗೆ ಅಲೆ ದುರ್ಬಲವಾದರೆ ಅದರ ಕಷ್ಟ ಮನೆಮಂದಿಗೆಲ್ಲ.

ಇನ್ನು ಹಂಚಿಕೆಯ ಲೆಕ್ಕ. ಸೆಕೆಂಡಿಗೆ ೪೦ ಮೆಗಾಬಿಟ್ ಎಂದು ಹಣ ಕಟ್ಟಿದರೆ, ಎಂಟು ಬಿಟ್‌ಗೆ ಒಂದು ಬೈಟ್ ಆದುದರಿಂದ, ಸೆಕೆಂಡಿಗೆ ಬರುವುದು ೫ ಮೆಗಾಬೈಟ್. ಒಂದು ಸ್ಪಷ್ಟವಾದ ಚಲನಚಿತ್ರಕ್ಕೆ ಸುಮಾರು ೫ ಮೆಗಾಬಿಟ್ ಸಾಕು. ಅಂದರೆ ಏಳೆಂಟು ಜನ ಒಟ್ಟಿಗೆ ನೋಡಿದರೂ ಲೆಕ್ಕ ಸರಿಹೋಗಬೇಕು. ಮದುವೆಯ ಚಿತ್ರಗಳನ್ನೆಲ್ಲ ಒಮ್ಮೆಗೇ ಮೇಲಕ್ಕೆ ಕಳುಹಿಸುವ ಫೋನು ಮಾತ್ರ ಹೋಗುವ ದಾರಿಯನ್ನು ತುಂಬಿಬಿಡುತ್ತದೆ. ಬರುವ ದಾರಿ ಖಾಲಿಯಿದ್ದರೂ ಆಗ ಎಲ್ಲರಿಗೂ ತಡವಾಗುತ್ತದೆ. ಅಂತಹ ಕೆಲಸವನ್ನು ರಾತ್ರಿಗೆ ಇಟ್ಟುಕೊಳ್ಳುವುದು ಸಹಜೀವನದ ಮರ್ಯಾದೆ.

ಈ ಲೆಕ್ಕ ಹಾಕಿದಾಗಲೇ ನನಗೆ ಅನುಮಾನ ಬಂದಿತು. ಎರಡು ಸಂಸಾರ ಸೇರಿ ಎಳೆದರೂ ಸಂಪರ್ಕ ಪೂರ್ತಿ ನಿಲ್ಲಲು ಕಾರಣವಿರಲಿಲ್ಲ. ಒಂದು ನೋಟುಪುಸ್ತಕವನ್ನಿಟ್ಟು, ಸಂಪರ್ಕ ನಿಂತಾಗಲೆಲ್ಲ ಗಂಟೆ, ಫೋನು, ಕೋಣೆ, ಉರಿಯುತ್ತಿದ್ದ ದೀಪ ಇಷ್ಟನ್ನೂ ಬರೆಯತೊಡಗಿದೆ. ವಾರ ಕಳೆಯುವುದರೊಳಗೆ ಒಂದು ವಿಚಿತ್ರ ಕಂಡಿತು. ಒಂದೇ ಕೋಣೆಯಲ್ಲಿ ಪಕ್ಕಪಕ್ಕದಲ್ಲಿದ್ದ ಎರಡು ಫೋನುಗಳಲ್ಲಿ ಒಂದು ನಡೆಯುತ್ತಿತ್ತು, ಇನ್ನೊಂದು ನಿಂತಿರುತ್ತಿತ್ತು. ನಿಂತದ್ದು ಸಾಮಾನ್ಯವಾಗಿ ಆಗತಾನೆ ಹೊರಗಿನಿಂದ ಬಂದವರ ಫೋನು. ತಂತಿ ಕೆಟ್ಟಿದ್ದರೆ ಎರಡೂ ನಿಲ್ಲಬೇಕಿತ್ತು. ಗಾಳಿ ಕೆಟ್ಟಿದ್ದರೂ ಹಾಗೆಯೇ.

ಈ ಕೆಲಸವನ್ನೇ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆದು ಪುಸ್ತಕವನ್ನು ತೋರಿಸಿದೆ. ಅವನು ಓದಿ, "ಮೇಷ್ಟ್ರೇ, ಮೇಲೆ ಇನ್ನೊಂದು ಪೆಟ್ಟಿಗೆ ಇದೆಯಾ?" ಎಂದು ಕೇಳಿದ. ಇತ್ತು. ಮಹಡಿಯಲ್ಲಿ ಅಲೆ ಸಾಲದೆಂದು ನಾನೇ ಒಂದು ಹೊಸ ರೂಟರನ್ನು ತಂದು, ಕೆಳಗಿನಿಂದ ಕೇಬಲ್ ಎಳೆದು ಜೋಡಿಸಿದ್ದೆ. ಮನೆಗೆ ಬಂದ ಪ್ರತಿಯೊಂದು ಫೋನಿಗೂ ರೂಟರು ಒಂದು ವಿಳಾಸವನ್ನು ಕೊಟ್ಟು, ಹೊರಲೋಕಕ್ಕೆ ದಾರಿ ಯಾವುದೆಂದು ಹೇಳುತ್ತದೆ. ಒಂದು ಮನೆಯಲ್ಲಿ ಹೀಗೆ ವಿಳಾಸ ಹಂಚುವವನು ಒಬ್ಬನೇ ಇರಬೇಕು. ನಮ್ಮಲ್ಲಿ ಇಬ್ಬರಾಗಿದ್ದರು. ಸಂಜೆ ಮನೆಗೆ ಬಂದ ಫೋನು ವಿಳಾಸ ಕೇಳಿದಾಗ ಮೊದಲು ಉತ್ತರಿಸಿದ್ದು ಕೆಳಗಿನ ಪೆಟ್ಟಿಗೆಯಾದರೆ ಎಲ್ಲವೂ ಸರಿ. ಮೇಲಿನದಾದರೆ ಅದು, "ದಾರಿ ನಾನೇ" ಎನ್ನುತ್ತಿತ್ತು, ಆದರೆ ಹೊರಗೆ ಹೋಗುವ ದಾರಿ ಅದಕ್ಕೇ ಇರಲಿಲ್ಲ! ಆ ಹುಡುಗ ಮೇಲಿನ ಪೆಟ್ಟಿಗೆಯಲ್ಲಿ ವಿಳಾಸ ಹಂಚುವ ಕೆಲಸವನ್ನು ನಿಲ್ಲಿಸಿ, ಕೇವಲ ಅಲೆ ಬೀರುವ 'ಆಕ್ಸೆಸ್ ಪಾಯಿಂಟ್' ಆಗಿ ಬದಲಿಸಿದ. ಎರಡಕ್ಕೂ ಬೇರೆಬೇರೆ ಚಾನೆಲ್ ಕೊಟ್ಟ. ಕೆಳಗಿನದನ್ನು ಬೀರುವಿನ ಹಿಂದಿನಿಂದ ಪಡಸಾಲೆಯ ಗೂಡಿಗೆ ತಂದ. ಪೆಟ್ಟಿಗೆಯ ಒಳಗುಟ್ಟಿಗೆ ಹೋಗುವ, ಎಲ್ಲರಿಗೂ ಗೊತ್ತಿರುವ 'ಅಡ್ಮಿನ್' ಎಂಬ ಗುಪ್ತಪದವನ್ನೂ ಬದಲಿಸಿಕೊಟ್ಟ. ಅರ್ಧ ಗಂಟೆಯ ಕೆಲಸ. ಹೊಸದಾಗಿ ಕೊಂಡದ್ದು ಏನೂ ಇಲ್ಲ.

ಎರಡನೆಯ ಪೆಟ್ಟಿಗೆ ಇಡುವವರು ಇದನ್ನು ಮರೆಯಬಾರದು. ಕೇಬಲ್ ಎಳೆದು ಆಕ್ಸೆಸ್ ಪಾಯಿಂಟ್ ಮಾಡುವುದು ಉತ್ತಮ. ಕೇಬಲಿಲ್ಲದೆ ಅಲೆಯನ್ನು ಹಿಡಿದು ಅದೇ ಚಾನೆಲಿನಲ್ಲಿ ಮರುನುಡಿಯುವ 'ರಿಪೀಟರ್' ಪ್ರತಿಯೊಂದು ಮಾತನ್ನೂ ಎರಡು ಸಲ ಆಡಿಸುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ.

ಆ ಸಂಜೆ ನಾನು ಕೆಳಗಿಳಿದು ಹೋಗಿ, "ಅಣ್ಣಾ, ತೊಂದರೆ ಮೇಲಿನಿಂದಲೇ ಬಂದದ್ದು. ನಾವು ಹೆಚ್ಚು ಎಳೆದುಕೊಂಡದ್ದರಿಂದಲ್ಲ, ನನ್ನ ಅರೆತಿಳಿವಿನಿಂದ" ಎಂದೆ. ಅಣ್ಣ ನಕ್ಕು, "ಬೀರುವಿನ ಹಿಂದೆ ಇಟ್ಟವನು ನಾನಲ್ಲವೇನೋ, ಕೂತ್ಕೋ" ಎಂದರು. ಅತ್ತಿಗೆ ಕಾಫಿ ತಂದರು. ಅಣ್ಣನ ಮಗಳು ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ, ರಜೆಗೆ ಬಂದಾಗ, "ಚಿಕ್ಕಪ್ಪ, ನೋಟುಪುಸ್ತಕ ಎಲ್ಲಿ?" ಎಂದು ಕೇಳುತ್ತಾಳೆ.

ಅದು ಇಂದಿಗೂ ಪೆಟ್ಟಿಗೆಯ ಪಕ್ಕದಲ್ಲಿ ತೂಗಾಡುತ್ತಿದೆ. ತಮ್ಮ ಮನೆಯಲ್ಲಿಯೂ ಒಂದನ್ನು ತೂಗುಹಾಕಿ. ಸಂಪರ್ಕ ನಿಂತಾಗ ಯಾರನ್ನಾದರೂ ಬೈಯುವ ಮೊದಲು ಅದರಲ್ಲಿ ಒಂದು ಸಾಲು ಬರೆಯಿರಿ: ತಂತಿಯೋ, ಪೆಟ್ಟಿಗೆಯೋ, ಗಾಳಿಯೋ?